ಕ್ಯಾತ್ಸಂದ್ರದ ಎಳ್ಳು-ಬೆಲ್ಲ

ಬೆಂಗಳೂರಿನಿಂದ ಹೊರಟ ಬಸ್ಸು ದಾಬಸ್‌ಪೇಟೆ ದಾಟಿ, ಶಿವಗಂಗೆಯ ಬೆಟ್ಟವನ್ನು ಎಡಕ್ಕೆ ಬಿಟ್ಟು, ಹಿರೇಹಳ್ಳಿಯನ್ನು ಹಿಂದೆ ಹಾಕಿತೆಂದರೆ ತುಮಕೂರಿನ ಹೊಸ್ತಿಲು ಬಂದಂತೆಯೇ. ಆ ಹೊಸ್ತಿಲಿನ ಹೆಸರು ಕ್ಯಾತ್ಸಂದ್ರ. ಹಿಂದೆ ಬೇರೆ ಊರಾಗಿದ್ದದ್ದು ಈಗ ತುಮಕೂರು ನಗರದೊಳಗೇ ಸೇರಿದೆ. ಆದರೂ ಅದಕ್ಕೆ ತನ್ನದೇ ರೈಲು ನಿಲ್ದಾಣವಿದೆ, ತನ್ನದೇ ಬೆಟ್ಟವಿದೆ, ನಾಡಿಗೆಲ್ಲ ಗೊತ್ತಿರುವ ಮಠವಿದೆ. ತಟ್ಟೆ ಇಡ್ಲಿಯಂತೂ ಇದ್ದೇ ಇದೆ. ಹೆದ್ದಾರಿಯಲ್ಲಿ ಹೋಗುವವರು ಬೆಣ್ಣೆ ಹಾಕಿಸಿಕೊಂಡು ಎರಡು ಇಡ್ಲಿ ತಿಂದು, ಕೈತೊಳೆದು, ಕ್ಯಾತ್ಸಂದ್ರ ನೋಡಿದೆವೆಂದು ಮುಂದೆ ಸಾಗುತ್ತಾರೆ. ಇಡ್ಲಿಯ ರುಚಿಗೆ ಎರಡು ಮಾತಿಲ್ಲ. ಆದರೆ ಅದು ಬೆಳಗ್ಗೆ ಬೆಂದು ಸಂಜೆಗೆ ಹಳಸುವ ತಿಂಡಿ, ಕಟ್ಟಿಕೊಂಡು ಹೋಗಿ ನೆಂಟರಿಗೆ ಕೊಡುವಂಥದ್ದಲ್ಲ. ಹಾಗೆ ಕೊಡಬಹುದಾದದ್ದು ತಯಾರಾಗುವುದನ್ನು ನೋಡಬೇಕಾದರೆ ಜನವರಿಯ ಮೊದಲ ವಾರ ಇಲ್ಲಿ ಇಳಿಯಬೇಕು. ಹೋಟೆಲುಗಳನ್ನು ಬಿಟ್ಟು ಒಳಗಿನ ಬೀದಿಗಳಿಗೆ ಕಾಲಿಡಬೇಕು.

ಆಗ ಹಳೆ ಮೈಸೂರಿನ ಎಲ್ಲ ಊರುಗಳಲ್ಲಿ ಇರುವಂತೆ ಇಲ್ಲಿಯೂ ತಾರಸಿಯ ಮೇಲೆ, ಜಗುಲಿಯ ಮೇಲೆ ಬಿಳಿಯ ಪಂಚೆ ಹಾಸಿರುತ್ತಾರೆ. ಅದರ ಮೇಲೆ ಸಣ್ಣಗೆ ಹೆಚ್ಚಿದ ಕೊಬ್ಬರಿ, ಅಡಕತ್ತರಿಯಲ್ಲಿ ಕತ್ತರಿಸಿದ ಬೆಲ್ಲದ ಚೂರು. ಪಕ್ಕದಲ್ಲಿ ಕಾಗೆ, ಇರುವೆ ಕಾಯಲು ಒಂದು ಮಗು. ಕಾಯುವ ಮಗುವೇ ಕಾಗೆಗಿಂತ ಹೆಚ್ಚು ತಿನ್ನುವುದು ಎಲ್ಲ ಮನೆಗಳ ಅನುಭವ. ಸಂಕ್ರಾಂತಿಯ ಸಂಜೆ ಹೆಣ್ಣುಮಕ್ಕಳು ಹೊಸ ಲಂಗ ತೊಟ್ಟು, ತಟ್ಟೆ ಹಿಡಿದು ಮನೆಮನೆಗೆ ಹೋಗಿ ಎಳ್ಳು ಬೀರುತ್ತಾರೆ. ಎಳ್ಳು-ಬೆಲ್ಲದ ಪೊಟ್ಟಣ, ಒಂದು ಸಕ್ಕರೆ ಅಚ್ಚು, ಬಾಳೆಹಣ್ಣು, ಒಂದು ತುಂಡು ಕಬ್ಬು. ಕೊಟ್ಟವರಿಗೂ ಅಷ್ಟೇ ಮರಳಿ ಬರುತ್ತದೆ. ಲೆಕ್ಕ ಹಾಕಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ನಮ್ಮ ಮನೆಯ ಕೈಕೆಲಸ ಇನ್ನೊಂದು ಮನೆಯ ಮಕ್ಕಳ ಬಾಯಿಗೆ ಹೋಗುತ್ತದೆ. ಇದೊಂದು ದೊಡ್ಡ ನಂಬಿಕೆಯ ವ್ಯವಹಾರ.

ಈ ಉಡುಗೊರೆಗೆ ಕ್ಯಾತ್ಸಂದ್ರ ಒಳ್ಳೆಯ ಜಾಗದಲ್ಲಿ ಕೂತಿದೆ. ಪಶ್ಚಿಮಕ್ಕೆ ಗುಬ್ಬಿ, ತಿಪಟೂರಿನ ತೆಂಗಿನ ತೋಟಗಳು. ಉತ್ತರಕ್ಕೆ ಶಿರಾ, ಮಧುಗಿರಿ, ಪಾವಗಡದ ಕಡಲೆಕಾಯಿಯ ಬೆದ್ದಲು ಹೊಲಗಳು. ತಟ್ಟೆಯಲ್ಲಿ ಬೀರುವುದರ ಅರ್ಧದಷ್ಟು ಒಂದೇ ಜಿಲ್ಲೆಯ ಮಣ್ಣಿನದು. ಇಷ್ಟಾದರೂ ಇದೆಲ್ಲ ಅನಾದಿ ಕಾಲದ್ದೆಂದು ತಿಳಿಯಬೇಕಾಗಿಲ್ಲ. ಎಳ್ಳು ನಮ್ಮ ಉಪಖಂಡದ್ದೇ. ಹರಪ್ಪದ ಅಗೆತದಲ್ಲೂ ಅದರ ಸುಟ್ಟ ಕಾಳುಗಳು ಸಿಕ್ಕಿವೆ. ಕಡಲೆಕಾಯಿಯ ತವರು ದಕ್ಷಿಣ ಅಮೆರಿಕ. ಅದು ಸಮುದ್ರ ದಾಟಿ ಬಂದದ್ದು ಯುರೋಪಿನವರ ಹಡಗುಗಳು ಓಡಾಡತೊಡಗಿದ ಮೇಲೆ. ಅಜ್ಜಿಯ ಅಜ್ಜಿಯರಿಂದ ಬಂತೆನ್ನುವ ಮಿಶ್ರಣದಲ್ಲಿ ಒಬ್ಬ ಹೊಸ ನೆಂಟನೂ ಕೂತಿದ್ದಾನೆ.

ಈಗ ಕೊಬ್ಬರಿಯ ವಿಷಯ. ಪೇಟೆಯ ಮಕ್ಕಳಲ್ಲಿ ಬಹಳ ಮಂದಿ ಒಣಗಿಸಿದ ತೆಂಗಿನಕಾಯಿಯೇ ಕೊಬ್ಬರಿ ಎಂದುಕೊಂಡಿರುತ್ತಾರೆ. ಅದು ನಿಜವೇ. ಆದರೆ ತಿಪಟೂರು ಸೀಮೆಯ ಉಂಡೆ ಕೊಬ್ಬರಿಯನ್ನು ಒಡೆದು ಒಣಗಿಸುವುದಿಲ್ಲ. ಚೆನ್ನಾಗಿ ಬಲಿತ ಕಾಯನ್ನು ಇಡಿಯಾಗಿಯೇ ಅಟ್ಟದ ಮೇಲೆ ಹಾಕುತ್ತಾರೆ. ಎಂಟರಿಂದ ಹನ್ನೆರಡು ತಿಂಗಳು ಅದನ್ನು ಮುಟ್ಟುವುದಿಲ್ಲ. ಒಳಗಿನ ನೀರು ಮೆಲ್ಲಮೆಲ್ಲಗೆ ಇಂಗಿ, ಚಿಪ್ಪಿನ ಮೂಲಕ ಆವಿಯಾಗಿ ಹೋಗುತ್ತದೆ. ತಿರುಳು ಕುಗ್ಗಿ, ಚಿಪ್ಪಿನಿಂದ ತಾನೇ ಬಿಡಿಸಿಕೊಂಡು ಉಂಡೆಯಾಗುತ್ತದೆ. ಆಗ ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಗಟಗಟ ಸದ್ದು. ಹಸಿ ತಿರುಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರೇ ಇರುತ್ತದೆ. ಒಳ್ಳೆಯ ಕೊಬ್ಬರಿಯಲ್ಲಿ ಉಳಿಯುವುದು ಶೇಕಡ 6 ಅಥವಾ 7 ಮಾತ್ರ. ಒಂದು ವರ್ಷ ಸುಮ್ಮನೆ ಕೂತು ಮಾಡುವ ಈ ಕೆಲಸವನ್ನು ಯಾವ ಯಂತ್ರವೂ ಇಷ್ಟು ಸೊಗಸಾಗಿ ಮಾಡಲಾರದು. ಚಿಪ್ಪು ಮುಚ್ಚಿದ್ದರಿಂದ ದೂಳಿಲ್ಲ, ನೊಣವಿಲ್ಲ, ಬೂಸ್ಟಿಗೆ ದಾರಿ ಕಡಿಮೆ.

ನೀರು ಹೋಗಬೇಕೇಕೆ? ಬೂಸ್ಟಿಗೂ ಬ್ಯಾಕ್ಟೀರಿಯಕ್ಕೂ ನಮ್ಮಂತೆಯೇ ನೀರು ಬೇಕು. ತಿನಿಸಿನಲ್ಲಿ ಅವಕ್ಕೆ ದಕ್ಕುವ ನೀರನ್ನು ವಿಜ್ಞಾನಿಗಳು ಒಂದು ಅಳತೆಯಲ್ಲಿ ಹೇಳುತ್ತಾರೆ. ಶುದ್ಧ ನೀರಿಗೆ ಆ ಅಳತೆ 1. ಅದು 0.6ಕ್ಕಿಂತ ಕೆಳಗಿಳಿದರೆ ಯಾವ ಸೂಕ್ಷ್ಮಜೀವಿಯೂ ಬೆಳೆಯಲಾರದು. ಎಳ್ಳು-ಬೆಲ್ಲದ ಇಡೀ ಕಸುಬು ಈ ಒಂದು ಅಂಕೆಯ ಕೆಳಗೆ ಇಳಿಯುವುದಕ್ಕಾಗಿ. ಹುರಿಯುವುದು, ಬಿಸಿಲಿಗಿಡುವುದು, ಆರಿಸುವುದು, ಕೊನೆಗೆ ಬಿಗಿಯಾದ ಡಬ್ಬಿಗೆ ಹಾಕುವುದು, ಎಲ್ಲವೂ ನೀರನ್ನು ಹೊರಗೆ ಕಳಿಸುವ ಮತ್ತು ಮತ್ತೆ ಒಳಗೆ ಬಿಡದಿರುವ ಉಪಾಯಗಳೇ.

ಇದರಲ್ಲಿ ಕೈಕೊಡುವವನು ಬೆಲ್ಲ. ಸಕ್ಕರೆಯಲ್ಲಿ ಸುಕ್ರೋಸ್ ಬಿಟ್ಟರೆ ಬೇರೇನೂ ಇಲ್ಲವೆನ್ನಬಹುದು. ಬೆಲ್ಲದಲ್ಲಿ ಅದರ ಜೊತೆಗೆ ಗ್ಲೂಕೋಸ್, ಫ್ರಕ್ಟೋಸ್‌ಗಳೂ ಇರುತ್ತವೆ. ಫ್ರಕ್ಟೋಸ್ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುವುದರಲ್ಲಿ ಗಟ್ಟಿಗ. ಅದಕ್ಕೇ ಜುಲೈ ತಿಂಗಳ ಬೆಲ್ಲ ಡಬ್ಬಿಯಲ್ಲೇ ಬೆವರುತ್ತದೆ. ಒಂದೇ ತೂಕದ ಬೆಲ್ಲದ ಚೂರನ್ನು ಜನವರಿಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ರಾತ್ರಿಯಿಡೀ ತೆರೆದ ತಟ್ಟೆಯಲ್ಲಿಟ್ಟು, ಬೆಳಗ್ಗೆ ಶಾಲೆಯ ತಕ್ಕಡಿಯಲ್ಲಿ ತೂಗಿ ನೋಡುವ ಪ್ರಯೋಗಕ್ಕೆ ಖರ್ಚೇನೂ ಇಲ್ಲ. ಬೆಲ್ಲವನ್ನು ಎರಡು ದಿನ ಬಿಸಿಲಿಗಿಟ್ಟು ಎಲ್ಲಕ್ಕಿಂತ ಕೊನೆಯಲ್ಲಿ ಬೆರೆಸುವ ಹಿರಿಯರ ಪದ್ಧತಿ ಇದರಿಂದಲೇ ಬಂದದ್ದು. ಹುರಿದ ಕಡಲೆಬೀಜ ಇನ್ನೂ ಬೆಚ್ಚಗಿರುವಾಗ ಬೆಲ್ಲ ಸೇರಿಸಿದರೆ ಡಬ್ಬಿಯ ಮುಚ್ಚಳದಲ್ಲಿ ಹನಿ ಕಟ್ಟಿ, ನಾಲ್ಕು ದಿನದಲ್ಲಿ ಎಲ್ಲವೂ ಮುದ್ದೆ.

ಸಂಕ್ರಾಂತಿಯ ಕಾಲವೂ ಇದಕ್ಕೆ ಅನುಕೂಲವಾಗಿಯೇ ಇದೆ. ಹಿಂಗಾರು ಮುಗಿದು ಗಾಳಿ ಒಣಗಿರುತ್ತದೆ, ಕಡಲೆಕಾಯಿ ಮನೆಗೆ ಬಂದಿರುತ್ತದೆ, ಆಲೆಮನೆಗಳಲ್ಲಿ ಹೊಸ ಬೆಲ್ಲ ಇಳಿಯುತ್ತಿರುತ್ತದೆ. ಅಂದಹಾಗೆ, ಈ ಹಬ್ಬದಂದೇ ಉತ್ತರಾಯಣ ಶುರುವಾಗುತ್ತದೆಂಬ ಮಾತು ಸುಮಾರು 1700 ವರ್ಷಗಳ ಹಿಂದೆ ಸರಿಯಾಗಿತ್ತು. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ವಾಲಾಡುವುದರಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಅಂತರ ಬೆಳೆದಿದೆ. ಈಗ ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ. ಹಬ್ಬ ಜನವರಿ 14 ಅಥವಾ 15ಕ್ಕೆ. ಎಳ್ಳಿನ ರುಚಿಗೆ ಇದರಿಂದ ಬಾಧಕವಿಲ್ಲ.

ಜನವರಿಯಲ್ಲಿ ಬಿಸಿಲೇ ಇಲ್ಲದ ನಾಡಿನವರು ಹಬ್ಬದ ಉಡುಗೊರೆಯನ್ನು ಹೇಗೆ ಕಾಪಾಡಿಕೊಳ್ಳುತ್ತಾರೆ? ಸ್ಕಾಟ್ಲೆಂಡಿನವರು ಹೊಸ ವರ್ಷಕ್ಕೆ ಓಟ್ಸ್ ನೆನೆಸಿದ ನೀರು, ಜೇನುತುಪ್ಪ, ವಿಸ್ಕಿ ಬೆರೆಸಿ ‘ಅಥೋಲ್ ಬ್ರೋಸ್’ ಎಂಬ ಪಾನೀಯ ಮಾಡುತ್ತಾರೆ. ವಿಸ್ಕಿಯಲ್ಲಿ ಹಣ್ಣು, ಸಂಬಾರ, ಸಕ್ಕರೆ ನೆನೆಹಾಕಿ ‘ಲಿಕ್ಯೂರ್’ ತಯಾರಿಸಿ, ಬಾಟಲಿಗೆ ರಿಬ್ಬನ್ ಕಟ್ಟಿ ಕ್ರಿಸ್ಮಸ್‌ಗೆ ಕೊಡುವ ರೂಢಿಯೂ ಅಲ್ಲಿ ಉಂಟು. ಲಿಕ್ಯೂರ್ ಎನಿಸಿಕೊಳ್ಳಬೇಕಾದರೆ ಲೀಟರಿಗೆ ಕನಿಷ್ಠ 100 ಗ್ರಾಂ ಸಕ್ಕರೆಯೂ ಶೇಕಡ 15ರಷ್ಟು ಮದ್ಯಸಾರವೂ ಇರಬೇಕೆಂಬುದು ಯುರೋಪಿನ ಸಾಮಾನ್ಯ ನಿಯಮ. ಓದುಗರು ಇದನ್ನು ಮಾಡಿ ನೋಡಬೇಕಾಗಿಲ್ಲ, ತತ್ವ ತಿಳಿದರೆ ಸಾಕು. ಮದ್ಯಸಾರ ಸೂಕ್ಷ್ಮಜೀವಿಗಳನ್ನು ಕೆಡಿಸುತ್ತದೆ. ಸಕ್ಕರೆ ಅವುಗಳ ಮೈಯೊಳಗಿನ ನೀರನ್ನು ಹೊರಗೆಳೆಯುತ್ತದೆ. ಬಟ್ಟಲಿನಂತೆ ಕೊರೆದ ಆಲೂಗಡ್ಡೆಗೆ ಸಕ್ಕರೆ ದ್ರಾವಣ ತುಂಬಿಸಿ ಹೈಸ್ಕೂಲಿನಲ್ಲಿ ತೋರಿಸುವ ಪರಾಸರಣವೇ ಇದು. ನಮ್ಮ ರಾಮನವಮಿಯ ಪಾನಕದಲ್ಲಿ ಬೆಲ್ಲವಿದೆ, ಏಲಕ್ಕಿಯಿದೆ, ಆದರೆ ನೀರೇ ಹೆಚ್ಚು. ಹಾಗಾಗಿ ಅದನ್ನು ಬೆಳಗ್ಗೆ ಮಾಡಿ ಮಧ್ಯಾಹ್ನದೊಳಗೆ ಹಂಚಿ ಮುಗಿಸಬೇಕು. ಅವರು ಬಾಟಲಿಯಲ್ಲಿ ಸಾಧಿಸಿದ್ದನ್ನು ನಮ್ಮವರು ಬಿಸಿಲಿನಲ್ಲಿ ಸಾಧಿಸಿದರು. ಜೊತೆಗೆ ಮಗುವಿನ ಕೈಗೂ ಕೊಡಬಹುದಾದ ಉಡುಗೊರೆ ಮಾಡಿಕೊಂಡರು.

ಸಕ್ಕರೆ ಅಚ್ಚಿನ ಕಥೆ ಬೇರೆ. ಮರದ ಅಚ್ಚುಗಳು ಹಳೆಯ ಮನೆಗಳಲ್ಲಿ ಇನ್ನೂ ಇವೆ: ಗಿಳಿ, ಆನೆ, ಮೀನು, ಗೋಪುರ, ತುಳಸಿಕಟ್ಟೆ. ಎರಡು ಹೋಳುಗಳನ್ನು ನೀರಿನಲ್ಲಿ ನೆನೆಸಿ, ಜೋಡಿಸಿ, ದಾರದಿಂದ ಬಿಗಿಯಬೇಕು. ಸಕ್ಕರೆ ಪಾಕ ಕುದಿಯುವಾಗ ಒಂದಿಷ್ಟು ಹಾಲು ಹಾಕುತ್ತಾರೆ. ಹಾಲಿನ ಪ್ರೋಟೀನು ಗರಣೆಗಟ್ಟಿ, ಕೊಳೆಯನ್ನು ಹಿಡಿದುಕೊಂಡು ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು, ಬಟ್ಟೆಯಲ್ಲಿ ಸೋಸಿದರೆ ಪಾಕ ತಿಳಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆ ಕರಗಿಸಿಕೊಂಡರೆ, ಕುದಿಯುವ ನೀರು 480 ಗ್ರಾಂಗೂ ಮೀರಿ ಕರಗಿಸಿಕೊಳ್ಳುತ್ತದೆ. ಆರುವಾಗ ಆ ಹೆಚ್ಚಿನ ಸಕ್ಕರೆ ಹರಳಾಗಿ ಹೊರಬರಲೇಬೇಕು. ಬಿಡದೆ ತಿರುವಿದರೆ ಹರಳು ಸಣ್ಣದು, ಅಚ್ಚು ನುಣುಪು. ತಿರುವದೆ ಬಿಟ್ಟರೆ ಕಲ್ಲುಸಕ್ಕರೆಯ ಹಾದಿ. ಪಾತ್ರೆಯ ಅಂಚಿನಲ್ಲಿ ಪಾಕ ಬೆಳ್ಳಗಾಗತೊಡಗಿದ ಗಳಿಗೆಯನ್ನು ಹಿಡಿದು ಅಚ್ಚಿಗೆ ಸುರಿಯಬೇಕು. ಅರ್ಧ ನಿಮಿಷ ತಡವಾದರೆ ಬಾಣಲೆಯಲ್ಲೇ ಕಲ್ಲು. ಪುಸ್ತಕದ ಅತಿಪರ್ಯಾಪ್ತ ದ್ರಾವಣ ಎಂಬ ಕಠಿಣ ಶಬ್ದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ತಾಯಿತಂದೆಯರು ಗಮನವಿಡಬೇಕಾದ ಸಂಗತಿ ಕಡಲೆಬೀಜದಲ್ಲಿದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತ ಹೋದಾಗ ಬ್ರೆಜಿಲಿನಿಂದ ಬಂದ ಕಡಲೆಕಾಯಿ ಹಿಂಡಿ ಸಿಕ್ಕಿತು. ಅದರಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಸ್ಟು ಬೆಳೆದು ಬಿಟ್ಟ ವಿಷವಿತ್ತು. ಬೂಸ್ಟಿನ ಹೆಸರಿನಿಂದಲೇ ಅದಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. ಅದು ಈಲಿಗೆ ಮಾರಕ. ಬಾಣಲೆಯ ಕಾವಿಗೆ ಅದು ಪೂರ್ತಿ ನಾಶವಾಗುವುದಿಲ್ಲ. ಮಳೆ ಕೈಕೊಟ್ಟ ವರ್ಷ ಬಾಡಿದ ಬೆಳೆಗೆ ಹೊಲದಲ್ಲೇ ಈ ಬೂಸ್ಟು ತಗುಲಬಹುದು. ಬರ ಕಂಡಿರುವ ಪಾವಗಡದಂಥ ಸೀಮೆಗೆ ಈ ಮಾತು ಹೊರಗಿನದಲ್ಲ. ಮನೆಯಲ್ಲಿ ಮಾಡಬಹುದಾದ ಪರಿಹಾರ ಅಜ್ಜಿಯರು ಮೊರ ಹಿಡಿದು ಮಾಡುತ್ತಿದ್ದದ್ದೇ. ಸುಕ್ಕಿದ, ಕಪ್ಪಿಟ್ಟ, ಬಣ್ಣ ಕೆಟ್ಟ ಬೀಜವನ್ನು ಒಂದೊಂದಾಗಿ ಆರಿಸಿ ತೆಗೆಯುವುದು. ಕಹಿಯೆನಿಸಿದ್ದನ್ನು ನುಂಗದೆ ಉಗಿಯುವುದು. ಇಂದು ಹುರಿದು, ಸಿಪ್ಪೆ ತೆಗೆದು, ಹೋಳು ಮಾಡಿದ್ದು ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಕತ್ತರಿಸಿದ ಕೊಬ್ಬರಿ, ಅಳತೆಯ ಬೆಲ್ಲ, ಬಣ್ಣದ ಜೀರಿಗೆ ಪೆಪ್ಪರಮೆಂಟು ಎಲ್ಲ ಸೇರಿ ಬೆರೆತೇ ಬರುತ್ತದೆ. ಕೆಲಸಕ್ಕೆ ಹೋಗುವ ತಾಯಿ ಅದನ್ನು ಕೊಂಡರೆ ದೂರುವಂತಿಲ್ಲ. ಆದರೆ ಬೀಜ ಹುರಿದು ಎಷ್ಟು ದಿನವಾಯಿತು, ಆರಿಸಿದವರು ಯಾರು ಎಂಬುದು ಪ್ಯಾಕೆಟ್ಟಿನ ಹೊರಗಿನಿಂದ ತಿಳಿಯುವುದಿಲ್ಲ. ಆರಿಸಿಯೇ ಇಲ್ಲದ್ದನ್ನು ಪಕ್ಕದ ಮನೆಯ ಮಗುವಿನ ಅಂಗೈಗೆ ಹಾಕಿ ಒಳ್ಳೆಯ ಮಾತಾಡು ಎನ್ನುವುದು ಸ್ವಲ್ಪ ಸಂಕೋಚದ ಕೆಲಸವೇ. ಬೀಜವೊಂದನ್ನಾದರೂ ಮನೆಯಲ್ಲಿ ಆರಿಸಿ ಹುರಿದರೆ ಒಂದು ಸಂಜೆ ಸಾಕು. ಪರೀಕ್ಷೆಗೆ ಓದುವ ಮಕ್ಕಳಿಗೂ ಕೈಗೆ ಕೆಲಸ, ಕಣ್ಣಿಗೆ ಬಿಡುವು.

ಅಳತೆ ಮನೆಮನೆಗೆ ಬೇರೆ. ಕಡಲೆಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ ಸಮಸಮ, ಎಳ್ಳು ಅದರರ್ಧ ಎಂದಿಟ್ಟುಕೊಂಡರೆ ತಪ್ಪಾಗದು. ಒಂದೊಂದನ್ನೂ ಬೇರೆಬೇರೆಯಾಗಿ ಹುರಿಯಬೇಕು. ಎಳ್ಳು ಚಟಪಟ ಸಿಡಿಯುವ ಹೊತ್ತಿಗೆ ಕಡಲೆಬೀಜ ಇನ್ನೂ ಬಿಸಿಯೂ ಆಗಿರುವುದಿಲ್ಲ. ಎಳ್ಳಿನಲ್ಲಿ ಅರ್ಧದಷ್ಟು ಎಣ್ಣೆಯಿದ್ದರೂ ಅದು ಬೇಗ ಕಮಟುವುದಿಲ್ಲ. ಕಮಟದಂತೆ ತಡೆಯುವ ವಸ್ತುಗಳು ಅದರಲ್ಲಿ ಸಹಜವಾಗಿಯೇ ಇವೆ. ಕೊಬ್ಬರಿ ಕೆಟ್ಟರೆ ಸೋಪಿನ ರುಚಿ ಬರುತ್ತದೆ. ಅದು ಬರಿಯ ಹೋಲಿಕೆಯಲ್ಲ. ಕೊಬ್ಬರಿ ಎಣ್ಣೆಯಿಂದ ಬಿಡಿಯಾಗುವ ಲಾರಿಕ್ ಆಮ್ಲವೇ ಸೋಪಿನ ಕಾರ್ಖಾನೆಯ ಕಚ್ಚಾ ಪದಾರ್ಥವೂ ಹೌದು.

ಎಳ್ಳು ಬೀರಿ ಮುಗಿದ ಮರುದಿನ ಊರಿನ ಹಿಂದಿನ ಸಿದ್ಧಗಂಗೆಯ ಬೆಟ್ಟ ಹತ್ತಬಹುದು. ಮೆಟ್ಟಿಲುಗಳ ಮೇಲೆ ಸಿದ್ಧಲಿಂಗೇಶ್ವರನ ಗುಡಿ, ಬಂಡೆಯ ಸಂದಿನಲ್ಲಿ ಸಣ್ಣ ನೀರಿನ ಒರತೆ. ತಪಸ್ವಿಯೊಬ್ಬರ ಬಾಯಾರಿಕೆಗೆ ಗಂಗೆ ಚಿಮ್ಮಿದಳೆಂಬುದು ಐತಿಹ್ಯ. ಮೇಲಿಂದ ನೋಡಿದರೆ ಮಠದ ವಿದ್ಯಾರ್ಥಿನಿಲಯಗಳು, ಆಚೆ ತೆಂಗಿನ ತಲೆಗಳು. ರಾಜ್ಯದ ನಾನಾ ಮೂಲೆಗಳಿಂದ ಬಂದ ಸಾವಿರಾರು ಹುಡುಗರು ಜಾತಿಯ ಎಣಿಕೆಯಿಲ್ಲದೆ ಇಲ್ಲಿ ಓದುತ್ತಾರೆ, ಉಣ್ಣುತ್ತಾರೆ. ಆ ಒಲೆ ಆರುವುದೇ ಇಲ್ಲವೆಂದು ಜನ ಹೇಳುತ್ತಾರೆ. ಅದನ್ನು ದಶಕಗಟ್ಟಲೆ ಕಾಯ್ದ ಶಿವಕುಮಾರ ಸ್ವಾಮಿಗಳು ತೀರಿಕೊಂಡದ್ದು 2019ರ ಜನವರಿ 21ರಂದು, ಆ ವರ್ಷದ ಸಂಕ್ರಾಂತಿ ಕಳೆದು ವಾರ ತುಂಬುವ ಹೊತ್ತಿಗೆ.

ಹಬ್ಬ ಕಳೆದ ಮೇಲಿನ ರೈಲುಗಳಲ್ಲಿ, ಬಸ್ಸುಗಳಲ್ಲಿ ಓದುವ ಹುಡುಗರು ಹಾಸ್ಟೆಲುಗಳಿಗೆ ಮರಳುತ್ತಾರೆ. ಟ್ರಂಕಿನಲ್ಲಿ ಬಟ್ಟೆಯ ನಡುವೆ ಒಂದು ಸ್ಟೀಲಿನ ಡಬ್ಬಿ. ಒದ್ದೆ ಕೈ ಹಾಕದೆ, ಮುಚ್ಚಳ ತೆರೆದಿಡದೆ ಇದ್ದರೆ ಅದು ಶಿವರಾತ್ರಿಯ ಸಿದ್ಧಗಂಗೆ ಜಾತ್ರೆಯವರೆಗೂ ಗರಿಗರಿಯಾಗಿಯೇ ಇರುತ್ತದೆ. ಅಷ್ಟು ದಿನ ಉಳಿದರೆ.