ಎಕ್ಸ್‌ಆರೋ, ಹನ್ನೊಂದೋ?

ತೆಂಗಿನಕಾಯಿ ಕೊಳ್ಳುವಾಗ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೀರಿ. ಬದನೆಕಾಯಿಯ ತೊಟ್ಟು ನೋಡುತ್ತೀರಿ. ತರಕಾರಿಯವನು ಎಷ್ಟೇ ಗೊಣಗಿದರೂ ಬೆಂಡೆಕಾಯಿಯ ತುದಿ ಮುರಿಯದೆ ಬಿಡುವುದಿಲ್ಲ. ಅದೇ ಒಂದು ಹಳೇ ಫೋನನ್ನು ಕೈಗಿಟ್ಟು "ನೋಡಿ ಅಮ್ಮಾ, ಹೊಸದರ ಹಾಗಿದೆ" ಅಂದರೆ? ಎಲ್ಲಿ ಅಲ್ಲಾಡಿಸಬೇಕು, ಎಲ್ಲಿ ಮುರಿಯಬೇಕು ಎಂದು ತಿಳಿಯದೆ ಪಕ್ಕದಲ್ಲಿ ನಿಂತ ಮಗನ ಮುಖ ನೋಡುತ್ತೇವೆ! 2025ರ ದೀಪಾವಳಿ ಕಳೆದ ಮೇಲೆ ನಾನು ಎರಡು ಹಳೇ ಐಫೋನುಗಳ ನಡುವೆ ಮೂರು ವಾರ ತೂಗಿ ಒಂದನ್ನು ಆರಿಸಿದೆ. ಎಸ್ಸೆಸ್ಸೆಲ್ಸಿಯವರೆಗೆ ಓದಿದ ನನಗೇ ಅರ್ಥವಾದದ್ದು ನಿಮಗೆ ಆಗದೇ ಇದ್ದೀತೇ? ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆಗಳಲ್ಲಿ ಫೋನು ಇಳಿದು ಬರುವ ಕ್ರಮ ನಿಮಗೆ ಗೊತ್ತೇ ಇದೆ. ಯಜಮಾನರಿಗೆ ಹೊಸದು ಬಂದರೆ ಅವರದು ಮಗನಿಗೆ. ಮಗನಿಗೆ ಬೇಡವಾದದ್ದು ನಮಗೆ. ಹಾಗೆ ನನ್ನ ಪಾಲಿಗೆ ಬಂದ ಫೋನಿಗೆ ಗಾಜಿನ ಮೇಲೊಂದು ಗೀರು ಬಿಟ್ಟರೆ ದೂರುವಂಥದ್ದೇನೂ ಇರಲಿಲ್ಲ. ಒಂದು ದಿನ ಬ್ಯಾಂಕಿನ ಆ್ಯಪ್ ತೆರೆಯಲೇ ಇಲ್ಲ. ಈ ಫೋನಿನಲ್ಲಿ ಇನ್ನು ನಡೆಯುವುದಿಲ್ಲ ಅಂತ ಒಂದೇ ಸಾಲು. ಬಿದ್ದಿಲ್ಲ, ನೀರು ಸೋಕಿಲ್ಲ, ಕೆಟ್ಟಿಲ್ಲ. ಅದಕ್ಕೆ ವಯಸ್ಸಾಗಿತ್ತು, ಅಷ್ಟೇ.

ಆಮೇಲೇನಾಯಿತು ಗೊತ್ತೇ? ಫೋನಿನಲ್ಲಿ ಹಣ ಕಳಿಸುವ ಏರ್ಪಾಡು ಮಾಡಿಕೊಳ್ಳಬೇಕಾದರೆ ಖಾತೆಗೆ ಸೇರಿದ ನಂಬರಿನ ಸಿಮ್ ಅದೇ ಫೋನಿನಲ್ಲಿರಬೇಕು. ಹಾಗಾಗಿ ನನ್ನ ಸಿಮ್ ಹೋಗಿ ನಮ್ಮವರ ಫೋನಿನ ಎರಡನೇ ಕಿಂಡಿಯಲ್ಲಿ ಕೂತಿತು. ರವಿಕೆ ಹೊಲಿಸಿಕೊಂಡವರು ಹಾಕಿದ ಮುನ್ನೂರು, ನಾನು ತಂಗಿಗೆ ಕಳಿಸಿದ ಐನೂರು, ಎಲ್ಲಕ್ಕೂ ಅವರ ಜೇಬಿನಲ್ಲಿ 'ಟಿಂಗ್'! ಅವರು ಒಂದು ದಿನವೂ ಯಾಕೆ ಎಂದು ಕೇಳಿದವರಲ್ಲ. ಆದರೂ ಕೇಳುವ ಮೊದಲೇ ಕಾರಣ ಹೇಳುವ ಅಭ್ಯಾಸ ನನಗೆ ಹತ್ತಿಬಿಟ್ಟಿತು. "ತಂಗಿಗೆ ಔಷಧಿಗೆ ಬೇಕಿತ್ತಂತೆ", "ನೂಲಿನ ಅಂಗಡಿಯವನ ಬಾಕಿ ಇತ್ತು"... ಹದಿನೈದು ವರ್ಷ ಮೆಷಿನ್ ತುಳಿದು ನನ್ನದು ಅಂತ ಮಾಡಿಕೊಂಡ ಖಾತೆ ಅದು. ನನಗೆ ಬೇಕಿದ್ದದ್ದು ಐಫೋನಿನ ಷೋಕಿಯಲ್ಲ, ಆ ಖಾತೆ ಮತ್ತೆ ನನ್ನ ಕೈಗೆ ಬರಬೇಕಿತ್ತು. ಚೀಟಿ ಎತ್ತಿದ ದುಡ್ಡಿನಲ್ಲಿ ಹದಿನೈದು ಸಾವಿರ ಬದಿಗಿಟ್ಟೆ.

ಅಷ್ಟು ದುಡ್ಡಿಗೆ ಹೊಸ ಫೋನೇ ಬರುತ್ತದಲ್ಲ ಅನ್ನುತ್ತೀರಿ. ನ್ಯಾಯವೇ. ಬಿಲ್ಲು, ಒಂದು ವರ್ಷದ ಗ್ಯಾರಂಟಿ ಸಮೇತ ಹೊಸ ಆಂಡ್ರಾಯ್ಡ್ ಫೋನು ಬರುತ್ತದೆ. ಮಾತು, ವಾಟ್ಸಪ್, ಗ್ಯಾಸ್ ಬುಕ್ಕಿಂಗು ಇಷ್ಟೇ ಸಾಕೆನ್ನುವ ಗೆಳತಿಯರಿಗೆ ನಾನು ಅದನ್ನೇ ಕೊಳ್ಳಿರೆಂದು ಹೇಳುತ್ತೇನೆ. ನನಗೋ, ಆರಿ ಕೆಲಸದ ರವಿಕೆಗಳ ಚಿತ್ರ ತೆಗೆದು ಗಿರಾಕಿಗಳಿಗೆ ಕಳಿಸುವ ಕೆಲಸ. ಮೆರೂನು ಬಣ್ಣ ಕಪ್ಪಾಗಿ ಕಂಡರೆ ಗಿರಾಕಿ ಹೋದಳೆಂದೇ ಲೆಕ್ಕ. ಆ ಬೆಲೆಯ ಹೊಸ ಫೋನುಗಳಲ್ಲಿ ಮಗ ತೆಗೆದು ತೋರಿಸಿದ ಚಿತ್ರಗಳು ನನಗೆ ಒಪ್ಪಿಗೆಯಾಗಲಿಲ್ಲ.

ಸರಿ, ಎರಡು ಫೋನುಗಳು ಎದುರಿಗೆ ಬಂದವು. ಒಂದು ಐಫೋನ್ ಎಕ್ಸ್‌ಆರ್. ಪರಿಚಯದವರದು, ಒಂದೇ ಕೈಯಲ್ಲಿ ಬಳಸಿದ್ದು, ಡಬ್ಬ, ಬಿಲ್ಲು ಎಲ್ಲ ಇದೆ, ಒಳಗಿನ ಜಾಗ 128 ಜಿಬಿ. ಹನ್ನೊಂದೂವರೆ ಸಾವಿರ ಹೇಳಿದರು. ಇನ್ನೊಂದು ಐಫೋನ್ 11. ಬಸ್ ಸ್ಟ್ಯಾಂಡಿನ ಬಳಿಯ ಅಂಗಡಿಯದು, ಮೊದಲು ಯಾರದಿತ್ತೋ ಗೊತ್ತಿಲ್ಲ, ಜಾಗ ಬರೀ 64 ಜಿಬಿ, ಹದಿನಾಲ್ಕೂವರೆ ಸಾವಿರ. ಮೂರು ಸಾವಿರ ಕಡಿಮೆ, ಜಾಗ ದುಪ್ಪಟ್ಟು, ಗೊತ್ತಿದ್ದ ಮನೆ! ಮೇಲ್ನೋಟಕ್ಕೆ ಎಕ್ಸ್‌ಆರೇ ಗೆದ್ದಿತಲ್ಲವೇ? ಮನೆಯವರೆಲ್ಲರ ಮತವೂ ಅದಕ್ಕೇ ಬಿತ್ತು.

ಎರಡನ್ನೂ ಅಕ್ಕಪಕ್ಕ ಇಟ್ಟರೆ ಅವಳಿ ಮಕ್ಕಳು. ಎರಡಕ್ಕೂ 6.1 ಅಂಗುಲದ ಪರದೆ, ತೂಕ ಎರಡೂ 194 ಗ್ರಾಂ, ಉದ್ದ ಅಗಲ ದಪ್ಪದಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. ಎರಡಕ್ಕೂ 5ಜಿ ಇಲ್ಲ, 4ಜಿಯೇ ಗತಿ. ಎರಡೂ ಮುಖ ನೋಡಿ ಬೀಗ ತೆಗೆಯುತ್ತವೆ. ನಮ್ಮಲ್ಲಿ ಮಾರಿದ ಫೋನುಗಳಾದರೆ ಎರಡಕ್ಕೂ ಸಿಮ್ಮಿಗೆ ಒಂದೇ ಕಿಂಡಿ. ಎರಡನೇ ನಂಬರು ಬೇಕಿದ್ದರೆ ಇ-ಸಿಮ್ ಮಾಡಿಸಿಕೊಳ್ಳಬೇಕು. (ಐಫೋನು ಅಂದಕೂಡಲೇ ಅಮೆರಿಕದಿಂದ ಬಂದದ್ದು ಅನ್ನುತ್ತಾರೆ. 2017ರಲ್ಲೇ ನಮ್ಮ ಬೆಂಗಳೂರಿನ ಪೀಣ್ಯದಲ್ಲಿ ಐಫೋನ್ ಎಸ್‌ಇ ಜೋಡಿಸಿದ್ದರು. 11ನ್ನು 2020ರಲ್ಲಿ ಚೆನ್ನೈ ಹತ್ತಿರ ಜೋಡಿಸಿದರು. ನಮ್ಮಂಥ ಹೆಣ್ಣುಮಕ್ಕಳೇ ಕೂತು ಜೋಡಿಸಿದ್ದು!)

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಹುಟ್ಟಿದ ವರ್ಷದಲ್ಲಿ. ಎಕ್ಸ್‌ಆರ್ ಬಂದದ್ದು 2018ರಲ್ಲಿ, 11 ಬಂದದ್ದು 2019ರಲ್ಲಿ. ಒಂದು ವರ್ಷ ತಾನೇ ಎಂದು ಮೂಗು ಮುರಿಯಬೇಡಿ. ಐಫೋನಿನ ಒಳಗೆ ಐಒಎಸ್ ಅಂತ ಒಂದು ವ್ಯವಸ್ಥೆ ಇರುತ್ತದೆ, ಆ್ಯಪಲ್ ಕಂಪನಿ ವರ್ಷಕ್ಕೊಮ್ಮೆ ಅದನ್ನು ಹೊಸದು ಮಾಡಿ ಕಳಿಸುತ್ತದೆ. 2025ರ ಸೆಪ್ಟೆಂಬರಿನಲ್ಲಿ ಐಒಎಸ್ 26 ಬಂತು. ಅದು 11ಕ್ಕೆ ಸಿಕ್ಕಿತು. ಎಕ್ಸ್‌ಆರ್‌ಗೆ ಸಿಗಲಿಲ್ಲ, ಅದು ಹಿಂದಿನ 18ಕ್ಕೇ ನಿಂತಿತು.

ನಿಂತರೆ ಫೋನು ಮರುದಿನವೇ ಸತ್ತುಹೋಗುವುದಿಲ್ಲ. ಕಳ್ಳರು ನುಗ್ಗುವ ತೂತು ಮುಚ್ಚುವುದಕ್ಕೆ ಹಳೆಯ 18ಕ್ಕೂ ಆಮೇಲೆ ತೇಪೆಗಳು ಬಂದವು. ಆದರೆ ಕ್ರಮ ನೋಡಿ: ಮೊದಲು ಹೊಸ ವ್ಯವಸ್ಥೆ ನಿಲ್ಲುತ್ತದೆ, ಕೆಲವು ಕಾಲದ ಮೇಲೆ ತೇಪೆ ನಿಲ್ಲುತ್ತದೆ, ಆಮೇಲೆ ಒಂದೊಂದಾಗಿ ಆ್ಯಪ್‌ಗಳು ಕೈ ಬಿಡುತ್ತವೆ. 2014ರಲ್ಲಿ ಬಂದ ಐಫೋನ್ 6ರಲ್ಲಿ 2025ರ ಮೇ ತಿಂಗಳಿಂದ ವಾಟ್ಸಪ್ಪೇ ನಡೆಯದಾಯಿತು. ಬ್ಯಾಂಕುಗಳವರು ವಾಟ್ಸಪ್ಪಿನವರಷ್ಟು ತಾಳ್ಮೆಯವರೇನೂ ಅಲ್ಲ. ನನ್ನ ಹಳೇ ಫೋನಿನಲ್ಲಿ ಆದದ್ದೂ ಇದೇ. ಇಷ್ಟು ಗೊತ್ತಾದ ಮೇಲೂ, ಇಳಿಜಾರಿನಲ್ಲಿ ಆಗಲೇ ಒಂದು ಮೆಟ್ಟಿಲು ಇಳಿದಿರುವ ಫೋನಿಗೆ ಹನ್ನೊಂದೂವರೆ ಸಾವಿರ ಕೊಡುವುದೇ? ಅಗ್ಗ ಅಂತ ಮುಗ್ಗಲು ಜೋಳ ಕೊಂಡ ಹಾಗಾಗುತ್ತದೆ.

11ಕ್ಕೂ ಒಂದು ದಿನ ಅದೇ ಗತಿ ಅನ್ನುವುದು ನನಗೆ ತಿಳಿಯದ್ದಲ್ಲ. ಆದರೆ ಅದು ಕಡೇಪಕ್ಷ ಒಂದು ಮೆಟ್ಟಿಲು ಮೇಲಿದೆ. ಮೂರು ಸಾವಿರವನ್ನು ನಾನು ಆ ಮೆಟ್ಟಿಲಿಗೆ ಕೊಟ್ಟೆ ಅನ್ನಿ. ಇನ್ನು ಜಾಗದ ಮಾತು. 64 ಜಿಬಿ ಇಕ್ಕಟ್ಟೇ ಸರಿ, ಐಫೋನಿಗೆ ಕಾರ್ಡು ಹಾಕಿ ಹಿಗ್ಗಿಸುವ ಹಾಗೂ ಇಲ್ಲ. ಆದರೆ ನಮ್ಮ ಫೋನು ತುಂಬುವುದು ಯಾವುದರಿಂದ? ಬೆಳಿಗ್ಗೆ ಎದ್ದರೆ ಸಾಲುಗಟ್ಟಿ ಬರುವ ಶುಭೋದಯದ ಹೂಗಳಿಂದ, ಯಾರದೋ ಮದುವೆಯ ವಿಡಿಯೋಗಳಿಂದ! ವಾಟ್ಸಪ್ಪಿನ ಸೆಟ್ಟಿಂಗ್ಸಿನಲ್ಲಿ ಚಿತ್ರ, ವಿಡಿಯೋ ತಾನಾಗಿ ಇಳಿಯುವುದನ್ನು ನಿಲ್ಲಿಸಿದರೆ ಅರ್ಧ ಕಸ ಒಳಗೇ ಬರುವುದಿಲ್ಲ. ಅಟ್ಟ ತುಂಬಿದರೆ ಇಳಿಸಿ ಗುಡಿಸಬಹುದು, ವಯಸ್ಸನ್ನು ಗುಡಿಸಲಾದೀತೇ?

ಕ್ಯಾಮೆರಾ ವಿಷಯಕ್ಕೆ ಬಂದರೆ ನನ್ನ ಕೆಲಸಕ್ಕೆ 11 ಒಂದು ಕೈ ಮೇಲು. ಎಕ್ಸ್‌ಆರ್‌ಗೆ ಹಿಂದೆ ಒಂದೇ ಕಣ್ಣು, 11ಕ್ಕೆ ಎರಡು. ಎರಡನೆಯದು ಅಗಲದ ನೋಟದ್ದು. ಚಿಕ್ಕ ಹಾಲಿನಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಂತರೂ ಇಡೀ ಸೀರೆ ಚಿತ್ರದೊಳಗೆ ಬರುತ್ತದೆ. ಮಬ್ಬು ಬೆಳಕಿನಲ್ಲಿ 11 ತಾನಾಗಿಯೇ ರಾತ್ರಿಯ ವಿಧಾನಕ್ಕೆ ಹೋಗುತ್ತದೆ. ಎಕ್ಸ್‌ಆರ್‌ನಲ್ಲಿ ಅದಿಲ್ಲ. ನಾವು ಚಿತ್ರ ತೆಗೆಯುವುದೇ ಮನೆಗೆಲಸ ಮುಗಿದ ಮೇಲೆ, ಸಂಜೆ ಟ್ಯೂಬ್‌ಲೈಟಿನ ಕೆಳಗೆ! ಹಿನ್ನೆಲೆ ಮಬ್ಬು ಮಾಡುವ ಪೋರ್ಟ್ರೇಟ್ ಸೌಕರ್ಯ ಎಕ್ಸ್‌ಆರ್‌ನಲ್ಲಿ ಮನುಷ್ಯರ ಮುಖಕ್ಕೆ ಮಾತ್ರ. 11ರಲ್ಲಿ ಗೊಂಬೆಗೆ ತೊಡಿಸಿದ ರವಿಕೆಗೂ ನಡೆಯುತ್ತದೆ. ನೀರಿನ ವಿಷಯದಲ್ಲೂ 11 ಒಂದು ತೂಕ ಮೇಲೆಂದು ಹೇಳುತ್ತಾರೆ. ಒಮ್ಮೆ ಬಿಚ್ಚಿ ಮುಚ್ಚಿದ ಹಳೇ ಫೋನಿನಲ್ಲಿ ಅದನ್ನು ನಂಬಬೇಡಿ, ಸಿಂಕಿನಿಂದ ದೂರವಿಡಿ.

ಇನ್ನು ಅಲ್ಲಾಡಿಸಿ ನೋಡುವ ವಿಷಯ. ಇಲ್ಲಿ ಸಂಕೋಚ ಪಡಬೇಡಿ. ಮೊದಲು ಫೋನಿನಲ್ಲಿ ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿ. 15 ಅಂಕೆಗಳ ಐಎಂಇಐ ಸಂಖ್ಯೆ ಕಾಣುತ್ತದೆ, ಫೋನಿನ ಜಾತಕ ಅದು. ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿನ ಕೆ, ವೈ, ಎಂ ಅಕ್ಷರ ಬರೆದು, ಸ್ವಲ್ಪ ಜಾಗ ಬಿಟ್ಟು ಆ ಸಂಖ್ಯೆ ಬರೆದು 14422ಕ್ಕೆ ಕಳಿಸಿ. ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯ ಏರ್ಪಾಡಿದು. 2023ರಲ್ಲಿ ಬಂದ ಸಂಚಾರ್ ಸಾಥಿಯಲ್ಲೂ ನೋಡಬಹುದು. ಕಪ್ಪುಪಟ್ಟಿಯಲ್ಲಿದೆ ಎಂದೋ ನಕಲಿ ಸಂಖ್ಯೆ ಎಂದೋ ಉತ್ತರ ಬಂದರೆ ಬೆಲೆ ಎಷ್ಟೇ ಇಳಿಸಿದರೂ ಎದ್ದು ಬಂದುಬಿಡಿ. ಕದ್ದ ಫೋನು ಕೊಂಡು ಸ್ಟೇಷನ್ ಮೆಟ್ಟಿಲು ಹತ್ತುವುದು ನಮಗೇಕೆ?

ಎರಡನೆಯದು ಬೀಗ. ಹಳೇ ಒಡೆಯರು ತಮ್ಮ ಆ್ಯಪಲ್ ಖಾತೆಯಿಂದ ಹೊರಬರದೆ ಫೋನು ಮಾರಿದ್ದರೆ ಅದು ನಿಮ್ಮ ಪಾಲಿಗೆ ಗಾಜಿನ ಇಟ್ಟಿಗೆ. ಅವರ ಗುಪ್ತಪದವಿಲ್ಲದೆ ತೆರೆಯದು. ದುಡ್ಡು ಕೊಡುವ ಮುಂಚೆ ನಿಮ್ಮ ಕಣ್ಣೆದುರೇ ಎಲ್ಲ ಅಳಿಸಿ, ನಮಸ್ಕಾರ ಹೇಳುವ ಮೊದಲ ಪುಟದಿಂದ ಶುರುಮಾಡಿಸಿ. ನಾನು ಹೊಲಿಗೆ ಪೆಟ್ಟಿಗೆಯ ಗುಂಡುಸೂಜಿಯಲ್ಲಿ ನಮ್ಮವರ ಫೋನಿನಿಂದ ನನ್ನ ಸಿಮ್ಮನ್ನು ಎಬ್ಬಿಸಿ ಕೊಂಡೊಯ್ದಿದ್ದೆ. ಅಂಗಡಿಯಲ್ಲೇ ಹಾಕಿ, ನನ್ನ ಖಾತೆ ತೆರೆದು, ಮುಖ ತೋರಿಸಿ ಬೀಗ ತೆಗೆಸಿ ನೋಡಿದೆ. ಮುಕ್ಕಾಲು ಗಂಟೆ ಹಿಡಿಯಿತು. ಅಂಗಡಿಯ ಹುಡುಗ ಎರಡು ಸಲ ಗಡಿಯಾರ ನೋಡಿದ, ನೋಡಲಿ.

ಮೂರನೆಯದು ಬ್ಯಾಟರಿ. ಸೆಟ್ಟಿಂಗ್ಸಿನ ಬ್ಯಾಟರಿಯಲ್ಲಿ ಅದರ ಆರೋಗ್ಯ ಶೇಕಡಾವಾರು ತೋರಿಸುತ್ತದೆ. 80ಕ್ಕಿಂತ ಇಳಿದಿದ್ದರೆ ಬದಲಿಸುವ ಕಾಲ ಬಂತೆಂದು ಲೆಕ್ಕ. ಅಂಗಡಿಯವರು ನನಗೆ ಮೊದಲು ತೋರಿಸಿದ 11ರಲ್ಲಿ 100 ಇತ್ತು. "ನೋಡಿ ಮೇಡಂ, ಬ್ಯಾಟರಿ ಫ್ರೆಷ್!" ಆರು ವರ್ಷದ ಫೋನಿಗೆ ನೂರಕ್ಕೆ ನೂರೇ? ಅರವತ್ತು ದಾಟಿದವರ ಬಾಯಲ್ಲಿ ಮೂವತ್ತೆರಡು ಹಲ್ಲೂ ಫಳಫಳ ಎಂದರೆ ನಾವು ಏನೆಂದುಕೊಳ್ಳುತ್ತೇವೆ? ಸೆಟ್ಟಿಂಗ್ಸಿನಲ್ಲಿ ಜನರಲ್, ಅದರೊಳಗೆ ಅಬೌಟ್ ತೆರೆದೆ. ಬಿಡಿಭಾಗ ಬದಲಾಗಿದ್ದರೆ ಅಲ್ಲಿ ಬರುತ್ತದೆ. 'ಗೊತ್ತಿಲ್ಲದ ಭಾಗ' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು, ಅಂದರೆ ಕಂಪನಿಯದಲ್ಲ. ಬೇಡವೆಂದೆ. ಇಲ್ಲೂ ಒಂದು ಸೂಕ್ಷ್ಮವಿದೆ: ಎಕ್ಸ್‌ಆರ್‌ನಲ್ಲಿ ಈ ಪುಟ ಬ್ಯಾಟರಿಯ ಸಂಗತಿ ಮಾತ್ರ ಹೇಳುತ್ತದೆ, 11ರಲ್ಲಿ ಪರದೆ ಬದಲಾಗಿದ್ದರೂ ಹೇಳುತ್ತದೆ. ಹಳೇ ವಸ್ತು ಕೊಳ್ಳುವವರಿಗೆ ತನ್ನ ಗುಟ್ಟು ತಾನೇ ಹೇಳುವ ಫೋನೇ ಮೇಲಲ್ಲವೇ?

ಅದೇ ಪುಟದಲ್ಲಿ ಮಾಡೆಲ್ ನಂಬರಿನ ಮೊದಲ ಅಕ್ಷರವನ್ನೂ ನೋಡಿ. ಎಂ ಇದ್ದರೆ ಹೊಸದಾಗಿ ಮಾರಿದ ಫೋನು, ಎಫ್ ಇದ್ದರೆ ಕಂಪನಿ ರಿಪೇರಿ ಮಾಡಿ ಮಾರಿದ್ದು, ಎನ್ ಇದ್ದರೆ ಕೆಟ್ಟದ್ದಕ್ಕೆ ಬದಲಾಗಿ ಕೊಟ್ಟದ್ದು. 11 ಕೊಳ್ಳುವವರಿಗೆ ಇನ್ನೊಂದು ಮಾತು. 2019ರ ನವೆಂಬರಿನಿಂದ 2020ರ ಮೇವರೆಗೆ ತಯಾರಾದ ಕೆಲವು 11ಗಳಲ್ಲಿ ಬೆರಳು ಮುಟ್ಟಿದರೂ ಪರದೆ ಸ್ಪಂದಿಸದ ದೋಷವಿತ್ತು. ಕಂಪನಿಯೇ ಒಪ್ಪಿಕೊಂಡು ಆಗ ಪುಕ್ಕಟೆ ಬದಲಿಸಿಕೊಡುತ್ತಿತ್ತು, ಆ ಗಡುವು ಮುಗಿದುಹೋಗಿದೆ. ಒಂದು ಆ್ಯಪ್ ಚಿಹ್ನೆಯನ್ನು ಒತ್ತಿ ಹಿಡಿದು, ರಂಗೋಲಿಯ ಎಳೆ ಎಳೆದ ಹಾಗೆ ಪರದೆಯ ಮೂಲೆಮೂಲೆಗೂ ಎಳೆದು ನೋಡಿ. ಎಲ್ಲಾದರೂ ಕೈ ತಪ್ಪಿದರೆ ಅಲ್ಲಿ ಕೊರೆಯಿದೆ.

ನಾನು ಕೊಂಡದ್ದು ಅದೇ ಅಂಗಡಿಯ ಎರಡನೇ 11, ಕಪ್ಪು ಬಣ್ಣದ್ದು. ಬ್ಯಾಟರಿ 83, ಮೂಲದ್ದೇ. ಮೂಲೆಯಲ್ಲೊಂದು ತರಚು ಗಾಯ ತೋರಿಸಿ ಐನೂರು ಇಳಿಸಿದೆ. ಅಧಿಕೃತ ಸೇವಾ ಕೇಂದ್ರದಲ್ಲಿ ಬ್ಯಾಟರಿ ಬದಲಿಸಲು ಏನು ಕೇಳುತ್ತಾರೆಂದು ಮೊದಲೇ ವಿಚಾರಿಸಿ ಆ ಖರ್ಚನ್ನೂ ಲೆಕ್ಕದಲ್ಲಿಟ್ಟಿದ್ದೆ. ನೀವೂ ಹಾಗೇ ಮಾಡಿ. ಬಿಲ್ಲಿನಲ್ಲಿ ಐಎಂಇಐ ಸಂಖ್ಯೆ ಬರೆಸಿ ಮೊಹರು ಹಾಕಿಸಿಕೊಂಡೆ.

ಎಕ್ಸ್‌ಆರ್ ಯಾರಿಗೂ ಬೇಡದ ಫೋನೆಂದು ನಾನು ಹೇಳುತ್ತಿಲ್ಲ. ಪರಿಚಯದವರ ಆ ಫೋನನ್ನು ನಮ್ಮ ಎದುರುಮನೆಯ ನಿವೃತ್ತ ಮೇಷ್ಟ್ರು ಹತ್ತು ಸಾವಿರಕ್ಕೆ ಕೊಂಡರು. ಅವರಿಗೆ ಬೇಕಾದದ್ದು ಹಾಡು, ಮೊಮ್ಮಗಳ ಚಿತ್ರ, ರಾತ್ರಿ ಒಂದು ವಿಡಿಯೋ ಕರೆ. ಬ್ಯಾಂಕಿನ ಕೆಲಸಕ್ಕೆ ಅವರು ಈಗಲೂ ಪಾಸ್‌ಬುಕ್ ಹಿಡಿದು ಸರತಿಯಲ್ಲಿ ನಿಲ್ಲುವವರೇ. ಅವರ ಮಟ್ಟಿಗೆ ಅದು ಒಳ್ಳೇ ಫೋನು.

ಕಡೆಗೆ ಅಂಗಡಿಯ ಹುಡುಗ "ಎರಡೂ ಒಂದೇ ಸೈಜು ಮೇಡಂ" ಅಂತ ಎಕ್ಸ್‌ಆರ್‌ನ ಕವರನ್ನೇ ಕೊಡಬಂದ. ಮುಂದಿನ ಗಾಜು ಎರಡಕ್ಕೂ ಒಂದೇ ಆಗುತ್ತದೆ, ಆದರೆ ಕವರು ಆಗುವುದಿಲ್ಲ. ಎಕ್ಸ್‌ಆರ್‌ನ ಕವರಿಗೆ ಒಂದು ಕಣ್ಣಿನ ಕಿಂಡಿ, 11ರದಕ್ಕೆ ಚೌಕನೆಯ ದೊಡ್ಡ ಕಿಂಡಿ. ಗಾಜಿಗೆ ನೂರೈವತ್ತು ಹೇಳಿದ, ನೂರಕ್ಕೆ ಹಾಕಿಕೊಟ್ಟ. ಕವರು ಅವನ ಹತ್ತಿರ ಇರಲಿಲ್ಲ. ಹಳೇ ರೇಷ್ಮೆ ಸೀರೆಯ ಅಂಚಿನಲ್ಲಿ ಒಂದು ಚೀಲ ಹೊಲಿದುಕೊಂಡಿದ್ದೇನೆ.