ಪಾಳಿ

ಅಕ್ಕನ ಮಗ ನನ್ನ ಬೆರಳಿಗೊಂದು ಉಂಗುರ ತೊಡಿಸಿದ. ಬೆರಳು ನನ್ನದಲ್ಲ, ಟಿವಿಯೊಳಗೆ ಕತ್ತಿ ಹಿಡಿದು ನಿಂತಿದ್ದ ಕ್ಲೈವ್ ಎಂಬ ರಾಜಮನೆತನದ ಹುಡುಗನದು.

"ಮಾಮಾ, ಇದು ಹಾಕ್ಕೊಂಡ್ರ ವೈರಿ ಹೊಡಿಲಾಕ ಬಂದಾಗ ಟೈಮ್ ಸ್ಲೋ ಆಗ್ತದ. ಆಗ ಆರ್-ವನ್ ಒತ್ತು, ತಪ್ಪಿಸ್ಕೋತಾನ. ಕೈ ಸ್ಲೋ ಇದ್ದೋರ ಸಲುವಾಗೇ ಇಟ್ಟಾರ."

ಕೈ ಸ್ಲೋ ಇದ್ದೋರು ಅಂದರೆ ಭಾನುವಾರ ಔರಾದಿನಿಂದ ಬಸ್ಸು ಹಿಡಿದು ಬೀದರಿಗೆ ಬರುವ ನಲವತ್ತರ ಮಾಸ್ತರು. ಅಕ್ಕನನ್ನು ನೋಡಲು ಬರುತ್ತೇನೆಂದು ಹೇಳಿಕೊಂಡರೂ ಅಳಿಯನ ಪ್ಲೇಸ್ಟೇಷನ್ ಮೇಲೆ ನನ್ನ ಕಣ್ಣಿರುವುದು ಮನೆಮಂದಿಗೆಲ್ಲ ಗೊತ್ತು. 'ಫೈನಲ್ ಫ್ಯಾಂಟಸಿ'ಯ ಹದಿನಾರನೆಯ ಆಟ ಬಂದದ್ದು 2023ರ ಜೂನಿನಲ್ಲಿ. ಏಳನೆಯದರಿಂದ ಆಡುತ್ತ ಬಂದವನು ನಾನು. ಈ ಹುಡುಗ ಹುಟ್ಟುವ ಮೊದಲೇ ಆ ಲೋಕದಲ್ಲಿ ನನ್ನ ಖಾತೆ ತೆರೆದಿತ್ತು. ಈಗ ಅವನೇ ನನಗೆ ಊರುಗೋಲು ಕೊಡುತ್ತಿದ್ದಾನೆ.

ಏಳನೆಯದು ಬಂದದ್ದು 1997ರಲ್ಲಿ, ಭಾಲ್ಕಿಯ ನಮ್ಮ ಮನೆಗೆ ಮುಟ್ಟಿದ್ದು ಮೂರು ವರ್ಷ ತಡವಾಗಿ. ಹೈದರಾಬಾದಿನಲ್ಲಿದ್ದ ಕಾಕಾ ಹಳೆಯ ಪ್ಲೇಸ್ಟೇಷನ್ ಒಂದನ್ನು ಟವೆಲಿನಲ್ಲಿ ಸುತ್ತಿ ತಂದಿದ್ದ, ಜೊತೆಗೆ ಮೂರು ಸಿಡಿ. ನಾನು ಕನ್ನಡ ಮಾಧ್ಯಮದವನು. ಓಣಿಯಲ್ಲಿ ಮರಾಠಿ, ಬಜಾರದಲ್ಲಿ ಉರ್ದು, ಮನೆಯಲ್ಲಿ ಕನ್ನಡ, ಇಂಗ್ಲಿಷ್ ಮಾತ್ರ ಪರೀಕ್ಷೆಗೆ. ಆ ಆಟದಲ್ಲಿ ಯಾರೂ ಬಾಯಿಬಿಟ್ಟು ಮಾತಾಡುತ್ತಿರಲಿಲ್ಲ. ನೀಲಿ ಪೆಟ್ಟಿಗೆಯೊಂದು ತೆರೆದು ಅದರೊಳಗೆ ಅಕ್ಷರ ಮೂಡುತ್ತಿತ್ತು. ಗುಂಡಿ ಒತ್ತುವವರೆಗೆ ಪೆಟ್ಟಿಗೆ ಕದಲುತ್ತಿರಲಿಲ್ಲ. ನಾನು ತೊಡೆಯ ಮೇಲಿದ್ದ ಡಿಕ್ಷನರಿ ತಿರುವಿ, ಶಬ್ದ ಸಿಗದಿದ್ದರೆ ಮತ್ತೆ ತಿರುವಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ತಲೆ ಎತ್ತಿದರೆ ಕ್ಲೌಡ್ ಎಂಬ ಆ ಹಳದಿ ಕೂದಲಿನವನು ನಿಂತಲ್ಲೇ ನಿಂತಿರುತ್ತಿದ್ದ. ಯಾವ ಇಂಗ್ಲಿಷ್ ಮಾಸ್ತರೂ ನನಗಾಗಿ ಅಷ್ಟು ಹೊತ್ತು ಕಾದದ್ದಿಲ್ಲ. ನಾನೂ ನನ್ನ ಹುಡುಗರಿಗಾಗಿ ಕಾಯುವುದಿಲ್ಲ, ಪೋರ್ಷನ್ ಮುಗಿಯಬೇಕಲ್ಲ.

ಯುದ್ಧದಲ್ಲೂ ಅಷ್ಟೇ. ಸೆಟ್ಟಿಂಗಿನಲ್ಲಿ 'ವೇಟ್' ಆರಿಸಿಕೊಂಡರೆ, ಯಾವ ಮಂತ್ರ ಹಾಕಲಿ ಎಂದು ಪಟ್ಟಿ ತೆರೆದು ಯೋಚಿಸುವಾಗ ವೈರಿಯೂ ಸುಮ್ಮನೆ ತೂಗಾಡುತ್ತ ನಿಲ್ಲುತ್ತಿದ್ದ. ನಮ್ಮ ಕಡೆ ಇದಕ್ಕೆ ಪಾಳಿ ಅನ್ನುತ್ತಾರೆ. ನಳದ ಮುಂದೆ ಕೊಡ ಇಟ್ಟು ಮನೆಗೆ ಹೋಗಿ ರೊಟ್ಟಿ ತಿಂದು ಬಂದರೂ ಕೊಡಕ್ಕೆ ಪಾಳಿ ಇರುತ್ತದೆ. ರೇಷನ್ ಅಂಗಡಿ ಮುಂದೆ ಚೀಲದ ಬದಲು ಒಂದು ಕಲ್ಲು ಇಟ್ಟರೂ ನಡೆಯುತ್ತಿತ್ತು. ಆಟ ಮಾಡಿದ ಜಪಾನಿನವರಿಗೆ ಭಾಲ್ಕಿಯ ನಳದ ಪದ್ಧತಿ ಹೇಗೆ ಗೊತ್ತಾಯಿತೋ!

ಅವ್ವನಿಗೆ ಆ ಆಟದ ಬಗ್ಗೆ ಒಂದೇ ತಕರಾರು. ಹಿಮದ ದೇವತೆಯೊಬ್ಬಳು ಬಂದು ವೈರಿಗಳನ್ನು ಹೆಪ್ಪುಗಟ್ಟಿಸಿ ಹೋಗುತ್ತಾಳೆ, ಹೆಸರು ಶಿವ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಅವ್ವ ಬಾಗಿಲಲ್ಲಿ ನಿಂತು ನೋಡಿದಳು. "ಶಿವ ಯಾವಾಗಿಂದ ಹೆಣ್ಮಗಳಾದನೋ? ಮೈಮ್ಯಾಲ ಅರಿವಿ ಸುದ್ದಾ ಇಲ್ಲ, ಥಂಡಿ ಆಗಂಗಿಲ್ಲೇನು?" ಥಂಡಿ ಆಕಿ ಕೈಯಾಗೇ ಅದ ಅಂದೆ. ಈಗ ಅಕ್ಕನ ಮನೆಯಲ್ಲೇ ಇರುವ ಅವ್ವ, ಹದಿನಾರರಲ್ಲಿ ಗರುಡನೂ ಹೆಣ್ಣೆಂದು ತಿಳಿದು, "ಅವರೂರಾಗ ಗಂಡಸ್ರು ಏನ್ ಮಾಡ್ತಾರ ಹಂಗಾರ?" ಎಂದು ಕೇಳಿದ್ದಾಳೆ.

ಹತ್ತನೆಯದು 2001ರದ್ದು. ಅದನ್ನು ನಾನು ಎರಡನೆಯ ಪ್ಲೇಸ್ಟೇಷನ್ ಮೇಲೆ ಆಡಿದ್ದು ಡಿ.ಎಡ್. ಓದುವಾಗ. ಯುದ್ಧದ ವೇಳೆ ತೆರೆಯ ಬಲಮೂಲೆಯಲ್ಲಿ ಪಾಳಿಯ ಪಟ್ಟಿಯನ್ನೇ ಅಂಟಿಸಿದ್ದರು: ಈಗ ಯೂನಾ, ಆಮೇಲೆ ವೈರಿ, ನಂತರ ಔರಾನ್. ನಮ್ಮವರ ಪಾಳಿ ಬಂದಾಗ ಚಹಾ ಕುಡಿದು ಬಾ, ಸಂತೆಗೆ ಹೋಗಿ ಬಾ, ಕಾಲ ಅಲ್ಲೇ ನಿಂತಿರುತ್ತದೆ. ಅಂಥ ಆಟವನ್ನೂ ನಾನು ಆಗ ಬೈದಿದ್ದೆ. ಅದರಲ್ಲಿ ಪಾತ್ರಗಳಿಗೆ ದನಿ ಬಂದಿತ್ತು, ಮಾತು ತಾನಾಗಿಯೇ ಮುಂದೆ ಓಡುತ್ತಿತ್ತು, ಡಿಕ್ಷನರಿಗೆ ಕೆಲಸವಿರಲಿಲ್ಲ. "ಏಳರ ಮಜಾ ಇಲ್ಲ" ಅಂದವನು ನಾನೇ. ಈಗ ಹತ್ತರ ಹೆಸರು ಬಂದರೆ ಕಣ್ಣು ಒದ್ದೆ. ಅಭಿಮಾನಿಯ ಮಾತನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಿ.

ಇನ್ನೊಂದು ವಿಷಯ ಮುಚ್ಚಿಡುವುದು ಸರಿಯಲ್ಲ. ಹತ್ತರಲ್ಲಿ ಗುಡುಗಿನ ಬಯಲೊಂದಿದೆ. ಅಲ್ಲಿ ತೆರೆ ಬೆಳ್ಳಗೆ ಮಿಂಚಿದ ಕ್ಷಣಕ್ಕೆ ಗುಂಡಿ ಒತ್ತಿ ಸಿಡಿಲು ತಪ್ಪಿಸಿಕೊಳ್ಳಬೇಕು. ಹೀಗೆ ಒಂದೂ ತಪ್ಪದಂತೆ 200 ಸಲ! ಆಗ ಲುಲು ಎಂಬ ಮಾಂತ್ರಿಕೆಯ ಆಯುಧಕ್ಕೆ ಬೇಕಾದ ಮುದ್ರೆ ಸಿಗುತ್ತದೆ. ಒಂದು ಮಳೆಗಾಲದ ರಾತ್ರಿ ನಾನು ಗೋಡೆಗೆ ಬೆನ್ನು ಕೊಟ್ಟು ಕೂತೆ. ಹತ್ತು ಸಿಡಿಲಿಗೊಂದರಂತೆ ಕಡ್ಡಿಪೆಟ್ಟಿಗೆಯ ಕಡ್ಡಿ ಎಣಿಸಿ ಇಟ್ಟೆ. ಹದಿನಾರು ಕಡ್ಡಿ ಮುಗಿದು ಮೂರು ಸಿಡಿಲು ಆಗಿದ್ದವು. ಆಗ ಭಾಲ್ಕಿಯ ಮೇಲೆ ಖರೇ ಸಿಡಿಲು ಹೊಡೆಯಿತು, ಕರೆಂಟು ಹೋಯಿತು. ಕತ್ತಲಲ್ಲಿ ಅದೇ ಹದಿನಾರು ಕಡ್ಡಿಯಲ್ಲಿ ಒಂದನ್ನು ಗೀರಿ ಕಂದೀಲು ಹಚ್ಚಿದೆ. ಆಗ ನನ್ನ ಕೈ ಸ್ಲೋ ಇರಲಿಲ್ಲ. ಹಾಗಾಗಿ ಕೈಚಳಕದ ಆಟವೆಂದರೆ ನನಗಾಗದು ಎಂದು ಈಗ ದೂರುವುದರಲ್ಲಿ ವಯಸ್ಸಿನ ಪಾಲು ಎಷ್ಟು, ರುಚಿಯ ಪಾಲು ಎಷ್ಟು ಎಂಬುದು ನನಗೇ ಬಗೆಹರಿದಿಲ್ಲ.

ಹದಿನೈದರ ಹೊತ್ತಿಗೇ ಪಾಳಿ ಸವೆದಿತ್ತು. ಹದಿನಾರರಲ್ಲಿ ಪೂರ್ತಿ ಕಿತ್ತುಹಾಕಿದರು. ಕಾದಾಟ ರೂಪಿಸಲು 'ಡೆವಿಲ್ ಮೇ ಕ್ರೈ' ಸರಣಿಯಲ್ಲಿ ಕೆಲಸ ಮಾಡಿದ್ದ ರ್ಯೋತಾ ಸುಜುಕಿಯನ್ನು ಕರೆಸಿದರು. ಗೆಳೆಯರ ತಂಡವನ್ನು ನಡೆಸುವ ಸುಖವೂ ಹೋಯಿತು. ನಮ್ಮ ಮಾತು ಕೇಳುವವರು ಕ್ಲೈವ್, ಅವನ ನಾಯಿ ಟೋರ್ಗಲ್, ಅಷ್ಟೇ. ಈಗಿನ ಹುಡುಗರಿಗೆ ಪಾಳಿಯ ಆಟ ಹಿಡಿಸುವುದಿಲ್ಲ ಎಂಬ ಧಾಟಿಯಲ್ಲಿ ನಿರ್ಮಾಪಕ ನಾವೊಕಿ ಯೋಶಿದಾ ಮಾತಾಡಿದ್ದರು. ಹದಿನಾರು ಬಂದ ವರ್ಷವೇ ಆಗಸ್ಟಿನಲ್ಲಿ 'ಬಾಲ್ಡರ್ಸ್ ಗೇಟ್ 3' ಬಂತು. ಅಪ್ಪಟ ಪಾಳಿಯ ಆಟ. ವರ್ಷದ ದೊಡ್ಡ ಬಹುಮಾನವೂ ಅದಕ್ಕೇ ಹೋಯಿತು. ಅವತ್ತು ಔರಾದಿನ ಅಮರೇಶ್ವರನಿಗೆ ಒಂದು ಕಾಯಿ ಹೆಚ್ಚಿಗೆ ಒಡೆಸಿದೆ.

ಹಾಗೆಂದು ಹದಿನಾರು ಕೆಟ್ಟ ಆಟವೇ? ಇಫ್ರಿತ್ ಎಂಬವನು ಬೆಂಕಿಯಾಗಿ ಟೈಟನ್ ಎಂಬ ಬೆಟ್ಟದಂಥ ದೈತ್ಯನ ಮೇಲೆ ಓಡುವಾಗ, ಸೋಕೆನ್‌ನ ಸಂಗೀತ ಎದೆಗೆ ಗುದ್ದುವಾಗ, ನಾನು ಎದ್ದು ನಿಂತಿದ್ದೆ, ಕೈಯಲ್ಲಿದ್ದ ಬಜ್ಜಿ ತಣ್ಣಗಾಗಿತ್ತು. ಕತೆಯ ನಡುವೆ ಒಂದು ಗುಂಡಿ ಅದುಮಿ ಹಿಡಿದರೆ ದೃಶ್ಯ ನಿಂತು, ಎದುರಿಗಿರುವವರು ಯಾರು, ಯಾವ ರಾಜ್ಯದವರು ಎಂದು ಪಟ್ಟಿ ಬರುತ್ತದೆ. ಇದನ್ನು ಕಂಡುಹಿಡಿದವನಿಗೆ ಕೈಮುಗಿಯಬೇಕು. ನಮ್ಮ ಮದುವೆ ಮನೆಗಳಲ್ಲಿ "ಗುರ್ತ್ ಸಿಗ್ಲಿಲ್ಲೇನು?" ಎಂದು ಕೇಳುತ್ತ ಎದುರಾಗುವ ಅತ್ತೆಯಂದಿರ ಮುಂದೆ ನನಗೆ ಬೇಕಾದದ್ದು ಇದೊಂದೇ ಗುಂಡಿ.

ಹೋದ ತಿಂಗಳು ಚೌಬಾರಾ ದಾಟಿ ಬಿದರಿ ಅಂಗಡಿಯೊಂದಕ್ಕೆ ಹೊಕ್ಕಿದ್ದೆ. ಹುಕ್ಕಾ, ಹೂಜಿಗಳು ಮೇಲಿನ ಗೂಡಿನಲ್ಲಿ. ಕೈಗೆಟಕುವಲ್ಲಿ ಪೆನ್ನಿನ ಸ್ಟ್ಯಾಂಡು, ಕೀ ಚೈನು. ಹುಕ್ಕಾ ಬಿಟ್ಟು ಕೀ ಚೈನು ಮಾಡಲು ಬೇಸರವಿಲ್ಲವೇ ಎಂದು ಕುಶಲಕರ್ಮಿ ಕಾಕಾನನ್ನು ಕೇಳಿದೆ. "ಹುಕ್ಕಾ ಸೇದೋರು ಯಾರ ಉಳಿದಾರ, ಮಾಸ್ತರ? ಮಣ್ಣು ಮಾತ್ರ ಕೋಟೀದೇ ರೀ." ಸತು, ತಾಮ್ರದ ಎರಕಕ್ಕೆ ಬೆಳ್ಳಿ ಕೂರಿಸಿ, ಕೋಟೆಯ ಆ ಮಣ್ಣನ್ನು ನವಸಾಗರದೊಂದಿಗೆ ಕಾಯಿಸಿ ಅದರಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ: ಹದಿನಾರರಲ್ಲಿ ಚೊಕೊಬೊ ಹಕ್ಕಿ ಇದೆ, ಸ್ಫಟಿಕ ಇದೆ, ಸಿಡ್ ಎಂಬ ಹೆಸರಿನವನೂ ಇದ್ದಾನೆ. ಆದರೆ ನನ್ನ ಮಟ್ಟಿಗೆ ಆಟದಲ್ಲಿ ಬದಲಾಗಬಾರದ ಆ ಮಣ್ಣು ಯಾವುದು, ಹಕ್ಕಿಯೋ, ಕಾಯುವುದೋ? ಸಂತಪುರ ಬರುವವರೆಗೂ ಉತ್ತರ ಹೊಳೆಯಲಿಲ್ಲ, ಆಮೇಲೆ ನಿದ್ದೆ ಹತ್ತಿತು.

ಈ ಭಾನುವಾರ ಉಂಗುರ ತೊಟ್ಟು ಆಡಿದೆ. ರಾಕ್ಷಸನೊಬ್ಬ ಕೊಡಲಿ ಎತ್ತಿದ. ತಟ್ಟನೆ ಎಲ್ಲ ನಿಧಾನವಾಯಿತು. ಕೊಡಲಿ ಗಾಳಿಯಲ್ಲಿ ತೇಲಿತು, ಕಿಡಿಗಳು ಜೋಳದ ಹೊಟ್ಟಿನಂತೆ ಒಂದೊಂದೇ ಇಳಿದವು, ಕ್ಲೈವನ ಮೇಲಂಗಿಯ ಹೊಲಿಗೆ ಕಾಣಿಸಿತು. ಇಷ್ಟು ದಿನದ ಗಡಿಬಿಡಿಯಲ್ಲಿ ಅದನ್ನು ನೋಡಿಯೇ ಇರಲಿಲ್ಲ.

"ಮಾಮಾ, ಒತ್ತು! ಒತ್ತು!"

"ತಡಿಯೋ, ನೋಡ್ಲತ್ತೀನಿ" ಅಂದೆ.

ಕೊಡಲಿ ಬಿತ್ತು. ಅಳಿಯ ನಕ್ಕು ಉರುಳಾಡಿ, ರಿಮೋಟಿಗೆ ಕೈಚಾಚಿ ಹೇಳಿದ: "ಮುಗೀತು, ಈಗ ನನ್ ಪಾಳಿ."