ಘಾಟಿಯಲ್ಲಿ ಕಾದ ಗಾಳಿ

ಬಜಗೋಳಿ ದಾಟಿದ್ದೀರಿ. ಮಾರ್ಚ್ ತಿಂಗಳು, ಬೆಳಗ್ಗೆ ಹತ್ತು ಗಂಟೆ. ಕರಾವಳಿಯ ಬಿಸಿ ಆಗಲೇ 32 ಡಿಗ್ರಿ ಮುಟ್ಟಿದೆ, ಅಂಗಿ ಬೆನ್ನಿಗೆ ಅಂಟಿಕೊಂಡಿದೆ. ಸ್ಟೀರಿಂಗ್ ನಿಮ್ಮ ಕೈಯಲ್ಲಿದೆ. ಬಾನೆಟ್ಟಿನ ಅಡಿಯಲ್ಲಿರುವುದು ಎರಡು ಲೀಟರಿನ, ನಾಲ್ಕು ಸಿಲಿಂಡರಿನ ಟರ್ಬೊ ಪೆಟ್ರೋಲ್ ಇಂಜಿನ್. ಎಡಗಡೆ ಸೀಟಿನಲ್ಲಿ ಕಾರ್ಕಳದ ಮೆಕ್ಯಾನಿಕ್ ಕೂತಿದ್ದಾರೆ. ರ‍್ಯಾಲಿ ಕಾರುಗಳ ಸರ್ವಿಸಿನಲ್ಲಿ ಕೈ ಪಳಗಿದವರು, ಮಾತು ಕಡಿಮೆ. ಅವರ ಮೊಬೈಲು ಕಾರಿನ ಕಂಪ್ಯೂಟರಿಗೆ ಜೋಡಿಕೊಂಡು ಡ್ಯಾಶ್‌ಬೋರ್ಡಿನ ಮೇಲೆ ಕೂತಿದೆ. ಪರದೆಯ ಮೇಲೆ ಒಂದೇ ಅಂಕಿ, ಇಂಜಿನ್ ಒಳಗೆಳೆದುಕೊಳ್ಳುವ ಗಾಳಿಯ ಉಷ್ಣತೆ: 44.

"ಇದನ್ನು ನೋಡ್ತಾ ಇರಿ. ಸ್ಪೀಡು ಆಮೇಲೆ ನೋಡುವ" ಅನ್ನುತ್ತಾರೆ.

ಮಾಳದ ಚೆಕ್‌ಪೋಸ್ಟ್ ಹಿಂದಾಗುತ್ತಲೇ ಅಡಿಕೆ ತೋಟಗಳು ಮುಗಿದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು ಎರಡೂ ಬದಿಯಿಂದ ಮುಚ್ಚಿಕೊಳ್ಳುತ್ತದೆ. ಇಲ್ಲಿ ಸಿಂಗಳೀಕಗಳು ರಸ್ತೆ ದಾಟುತ್ತವೆ, ವೇಗಕ್ಕೆ ಮಿತಿ ಇದೆ, ಆ ಮಿತಿಯನ್ನು ನೀವು ಮೀರುವುದಿಲ್ಲ. ಆದರೆ ಏರು ಏರೇ. ಮೊದಲ ತಿರುವಿನಿಂದ ಹೊರಬಂದು ಆಕ್ಸಿಲರೇಟರ್ ಒತ್ತಿದಾಗ ಬಾನೆಟ್ಟಿನ ಒಳಗಿಂದ ತೆಳ್ಳನೆಯ ಸಿಳ್ಳೆ ಏಳುತ್ತದೆ, ಸೀಟು ನಿಮ್ಮ ಸೊಂಟವನ್ನು ಹಿಂದಿನಿಂದ ದೂಡುತ್ತದೆ.

ಸೈಕಲ್ ಪಂಪು ಒತ್ತಿದಾಗ ಅದರ ಬುಡ ಬಿಸಿಯಾಗುತ್ತದಲ್ಲ, ಆ ಸಿಳ್ಳೆಯೊಳಗೆ ನಡೆಯುತ್ತಿರುವುದೂ ಅದೇ. ಹೊಗೆಯ ರಭಸಕ್ಕೆ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಚಕ್ರವೊಂದು ಹೊರಗಿನ ಗಾಳಿಯನ್ನು ಹಿಡಿದು ಹಿಂಡುತ್ತದೆ. 32 ಡಿಗ್ರಿಯ ಗಾಳಿಯ ಒತ್ತಡವನ್ನು ಇಮ್ಮಡಿಗೊಳಿಸಿ. ಟರ್ಬೊದ ದಕ್ಷತೆ ನೂರಕ್ಕೆ ಎಪ್ಪತ್ತು ಅಂದುಕೊಂಡರೆ ಹೊರಬರುವ ಗಾಳಿ ಸುಮಾರು 128 ಡಿಗ್ರಿ ಇರುತ್ತದೆ. ಬಿಸಿ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿಯಲ್ಲಿ ಆಮ್ಲಜನಕ ಕಡಿಮೆ. ಹಾಗಾಗಿ ಬಂಪರಿನ ಹಿಂದೆ ಅಲ್ಯೂಮಿನಿಯಮ್ಮಿನ ಇಂಟರ್‌ಕೂಲರ್ ಇದೆ. ಅದರ ಕೊಳವೆಗಳೊಳಗೆ ಕಾದ ಗಾಳಿ ಹರಿಯುತ್ತದೆ, ರೆಕ್ಕೆಗಳ ನಡುವೆ ಹೊರಗಾಳಿ ಬೀಸುತ್ತದೆ. ಚೆನ್ನಾಗಿ ಬೀಸಿದರೆ 128 ಇದ್ದದ್ದು 60ರ ಆಸುಪಾಸಿಗೆ ಇಳಿಯುತ್ತದೆ. ಅಷ್ಟರಿಂದಲೇ ಸಿಲಿಂಡರಿಗೆ ಐದನೇ ಒಂದು ಪಾಲು ಹೆಚ್ಚು ಗಾಳಿ ಸಿಗುತ್ತದೆ.

ಬೀಸಿದರೆ ಮಾತ್ರ. ಆ ಮಾತು ನಿಮಗೆ ನಾಲ್ಕನೇ ತಿರುವಿನಲ್ಲಿ ಮೈಗೆ ತಾಗುತ್ತದೆ.

ಎದುರಿಗೆ ಲೋಡು ಹೊತ್ತ ಲಾರಿ ಇದೆ. ಮೊದಲ ಗೇರಿನಲ್ಲಿ ನರಳುತ್ತ, ಗಂಟೆಗೆ ಹದಿನೈದು ಕಿಲೋಮೀಟರ್ ವೇಗದಲ್ಲಿ ಏರುತ್ತಿದೆ. ಅದರ ಹೊಗೆ ನಿಮ್ಮ ಮೂಗಿಗೆ ಬರುತ್ತದೆ, ಕ್ಲಚ್ ಸುಟ್ಟ ವಾಸನೆಯೂ ಸೇರಿಕೊಂಡಿದೆ. ನಿಮ್ಮ ಇಂಜಿನಿನ ಕಾವು, ಇಂಟರ್‌ಕೂಲರಿನ ಹಿಂದಿರುವ ರೇಡಿಯೇಟರಿನ ಕಾವು, ಡಾಂಬರಿನ ಕಾವು ಎಲ್ಲವೂ ಹೊರಗೆ ಹೋಗಲಾರದೆ ಬಾನೆಟ್ಟಿನ ಕೆಳಗೇ ತುಂಬಿಕೊಳ್ಳುತ್ತವೆ. ತಂಪು ಮಾಡಬೇಕಾದ ಲೋಹವೇ ಕಾಯುತ್ತಿದೆ. 52. 58. 63. ನಿಮ್ಮ ಅಂಗೈ ಬೆವರುತ್ತದೆ, ಪ್ಯಾಂಟಿಗೆ ಒರೆಸಿಕೊಳ್ಳುತ್ತೀರಿ. 67. 71.

ತಿರುವು ಬಿಚ್ಚಿಕೊಳ್ಳುತ್ತದೆ. ಮುಂದೆ ನೇರ ರಸ್ತೆ, ಉದ್ದ ನೂರೈವತ್ತು ಮೀಟರ್ ಇದ್ದೀತು. ಲಾರಿಯವನು ಕೈ ಹೊರಹಾಕಿ ಹೋಗಿ ಎಂಬಂತೆ ಬೀಸುತ್ತಾನೆ. ನಿಮ್ಮ ಕಾಲಿಗೆ ಈ ಕಾರಿನ ಬಲ ಗೊತ್ತು. ನಿನ್ನೆ ಸಂಜೆ ಪಡುಬಿದ್ರಿಯ ಬಯಲು ರಸ್ತೆಯಲ್ಲಿ ಇಷ್ಟೇ ಜಾಗದಲ್ಲಿ ಎರಡು ಲಾರಿಗಳನ್ನು ಹಿಂದೆ ಹಾಕಿತ್ತು.

"ಈಗ ಬೇಡ ಮಾರಾಯ್ರೆ" ಅನ್ನುತ್ತಾರೆ ಪಕ್ಕದವರು.

ಕಾಲು ಆಗಲೇ ಕೆಳಗಿಳಿದಿದೆ. ಬಲಕ್ಕೆ ಸರಿದಿದ್ದೀರಿ. ಎರಡನೇ ಗೇರು. ಸಿಳ್ಳೆ ಏಳುತ್ತದೆ, ಬೆನ್ನಿಗೆ ದೂಡು ಬರುವುದಿಲ್ಲ. ಲಾರಿಯ ಹಿಂದಿನ ಚಕ್ರ ಎಡ ಕಿಟಕಿಯ ಪಕ್ಕದಲ್ಲಿದೆ. ಅಲ್ಲಿಂದ ಅದು ಹಿಂದೆ ಸರಿಯುತ್ತಿಲ್ಲ. ಇನ್ನೂ ಒತ್ತುತ್ತೀರಿ. ಕಾರು ಏದುತ್ತದೆ. ಮೇಲಿನ ತಿರುವಿನಿಂದ ಹಾರ್ನು. ಬಸ್ಸು. ಕೆಂಪು ಮೂತಿ. ಒತ್ತಬೇಕೋ ಬಿಡಬೇಕೋ, ಹೇಳುವಷ್ಟು ಹೊತ್ತಿಲ್ಲ. ಬಿಡುತ್ತೀರಿ. ಬ್ರೇಕು, ಎಡಕ್ಕೆ, ಲಾರಿಯ ಹಿಂದಿನ ಕತ್ತಲಿಗೆ. ಬಸ್ಸಿನ ಗಾಳಿ ಕಾರನ್ನು ಅಲುಗಿಸಿ ಹೋಗುತ್ತದೆ.

ಬಾಯಿ ಒಣಗಿದೆ. ಎದೆಯ ಬಡಿತ ಕಿವಿಯಲ್ಲಿ ಕೇಳುತ್ತದೆ.

ಕಾರು ನಿಮಗೆ ಮೋಸ ಮಾಡಲಿಲ್ಲ. ತನ್ನನ್ನು ಉಳಿಸಿಕೊಂಡಿತು, ಅಷ್ಟೇ. 71 ಡಿಗ್ರಿಯ ಗಾಳಿಯನ್ನು ಸಿಲಿಂಡರಿನಲ್ಲಿ ಇನ್ನೊಮ್ಮೆ ಹಿಂಡಿದಾಗ, ಪ್ಲಗ್ಗಿನ ಕಿಡಿಯಿಂದ ಹೊರಟ ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಪೆಟ್ರೋಲು ತಾನಾಗಿ ಸಿಡಿಯಬಹುದು. ಮೆಕ್ಯಾನಿಕ್‌ಗಳು ನಾಕಿಂಗ್ ಅನ್ನುವುದು ಇದನ್ನೇ. ಟಿಣಿಟಿಣಿ ಎಂಬ ಆ ಸದ್ದು ಜೋರಾದರೆ ಪಿಸ್ಟನ್ನಿನ ಅಂಚು ಒಡೆಯುತ್ತದೆ. ಅದನ್ನು ತಪ್ಪಿಸಲು ಕಂಪ್ಯೂಟರ್ ಕಿಡಿಯನ್ನು ತಡಮಾಡುತ್ತದೆ, ಟರ್ಬೊ ಒತ್ತಡವನ್ನೂ ಇಳಿಸುತ್ತದೆ. ನಿಮ್ಮ ಕಾಲಡಿ ಕಾಣೆಯಾದ ಕುದುರೆಗಳು ಹೋದದ್ದು ಅಲ್ಲಿಗೆ.

ಲಾರಿ ಒಂದು ಅಗಲವಾದ ಜಾಗದಲ್ಲಿ ಬದಿಗೆ ಸರಿದು ದಾರಿ ಕೊಡುತ್ತದೆ. ಮೆಲ್ಲಗೆ ದಾಟುತ್ತೀರಿ. ಈಗ ನಿಮಗೆ ನಿಲ್ಲಿಸಬೇಕು ಅನಿಸುತ್ತದೆ: ಬಾನೆಟ್ ಎತ್ತಿ, ನೀರು ಕುಡಿದು, ಕೈ ನಡುಗುವುದು ನಿಂತ ಮೇಲೆ ಹೊರಡಬೇಕು.

"ನಿಲ್ಲಿಸ್ಬೇಡಿ. ನಿಂತ್ರೆ ಇನ್ನೂ ಏರ್ತದೆ. ಮೂರನೇ ಗೇರು ಹಾಕಿ, ಕಾಲು ಹಗುರ ಇಡಿ, ಗಾಳಿ ಹೊಡೀಲಿ."

ಅವರ ಮಾತು ಕೇಳಿ. ಗಂಟೆಗೆ ನಲವತ್ತರಲ್ಲಿ, ಆಕ್ಸಿಲರೇಟರ್ ಮುಟ್ಟಿಯೂ ಮುಟ್ಟದ ಹಾಗೆ ಏರುತ್ತೀರಿ. ಕಿಟಕಿ ಇಳಿಸಿದರೆ ಒಳಬರುವುದು ಕೊಳೆತ ಎಲೆಯ, ಒದ್ದೆ ಬಂಡೆಯ ವಾಸನೆ. 64. 55. 47. ತೆಳು ಅಲ್ಯೂಮಿನಿಯಮ್ ಎಷ್ಟು ಬೇಗ ಕಾಯುತ್ತದೋ ಅಷ್ಟೇ ಬೇಗ ಆರುತ್ತದೆ. ಎಸ್.ಕೆ. ಬಾರ್ಡರ್ ಎಂಬ ಕವಲಿನಲ್ಲಿ ಶೃಂಗೇರಿಯ ದಾರಿ ಬಿಟ್ಟು ಬಲಕ್ಕೆ ಹೊರಳಿದಾಗ ಪರದೆ 36 ತೋರಿಸುತ್ತದೆ. ತೋಳಿನ ರೋಮ ಎದ್ದಿದೆ. ಹೊರಗೆ 22 ಡಿಗ್ರಿ.

ಘಟ್ಟದ ತಂಪು ಪುಕ್ಕಟೆ ಸಿಕ್ಕಿತು ಎಂದುಕೊಳ್ಳಬೇಡಿ. 900 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಹತ್ತನೇ ಒಂದು ಪಾಲು ಕಡಿಮೆ. ಕೆಳಗೆ ಕೊಟ್ಟಷ್ಟೇ ಗಾಳಿಯನ್ನು ಇಲ್ಲಿಯೂ ಕೊಡಬೇಕಾದರೆ ಟರ್ಬೊ ಇನ್ನೂ ಜೋರಾಗಿ ತಿರುಗಿ ಇನ್ನೂ ಬಿಗಿಯಾಗಿ ಹಿಂಡಬೇಕು. ಲೆಕ್ಕ ಹಾಕಿದರೆ 22 ಡಿಗ್ರಿಯ ಮಲೆನಾಡ ಗಾಳಿಯೂ ಹೆಚ್ಚುಕಡಿಮೆ ಕರಾವಳಿಯ ಗಾಳಿಯಷ್ಟೇ ಬಿಸಿಯಾಗಿ ಟರ್ಬೊದಿಂದ ಹೊರಬೀಳುತ್ತದೆ. ಬೆಟ್ಟದ ತಂಪು ಲಾಭವಾಗುವುದು ಇಂಟರ್‌ಕೂಲರಿನ ಹೊರಮೈಗೆ ಮಾತ್ರ, ಅದೂ ಆರೇಳು ಡಿಗ್ರಿ. 

ಕುದುರೆಮುಖದ ಊರು ಬರುತ್ತದೆ. 2005ರ ಡಿಸೆಂಬರ್ 31ಕ್ಕೆ ಕಬ್ಬಿಣದ ಅದಿರಿನ ಗಣಿ ನಿಂತ ಮೇಲೆ ಇಲ್ಲಿ ಜನ ಕಡಿಮೆ, ಇಂಜಿನಿನ ಪ್ರತಿ ಸದ್ದೂ ಸ್ಪಷ್ಟ. ಮೆಕ್ಯಾನಿಕ್ ಕಣ್ಣು ಮುಚ್ಚಿ ಕೇಳುತ್ತಾರೆ. ನಾಕಿಂಗ್ ಇಲ್ಲ. ತಲೆ ಆಡಿಸುತ್ತಾರೆ.

ಸಂಸೆ ಹತ್ತಿರವಾದಂತೆ ಮೋಡ ಕವಿಯುತ್ತದೆ, ಕಾಫಿ ಬೆಳೆಗಾರರು ಕಾಯುವ ಹೂಮಳೆ. ಮೊದಲ ದಪ್ಪ ಹನಿಗಳು ಗಾಜಿಗೆ ಬಡಿಯುತ್ತವೆ, ಮಣ್ಣಿನ ಘಮ ಒಳನುಗ್ಗುತ್ತದೆ. ಹನಿ ಇಂಟರ್‌ಕೂಲರಿಗೂ ಬೀಳುತ್ತಿದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,257 ಕಿಲೋಜೂಲ್ ಶಾಖ ಬೇಕು. ಬಿಸಿ ರೆಕ್ಕೆಗಳ ಮೇಲೆ ಬಿದ್ದ ನೀರು ಅದನ್ನು ಅಲ್ಲಿಂದಲೇ ಕಸಿದುಕೊಳ್ಳುತ್ತದೆ. ಸುಬಾರು, ಮಿತ್ಸುಬಿಷಿ ತಮ್ಮ ರ‍್ಯಾಲಿ ತಳಿಯ ಕಾರುಗಳಿಗೆ ಇಂಟರ್‌ಕೂಲರ್ ಮೇಲೆ ನೀರು ಚಿಮುಕಿಸುವ ಗುಂಡಿ ಇಟ್ಟದ್ದು ಇದೇ ಕಾರಣಕ್ಕೆ. ಪರದೆ 29 ತೋರಿಸುತ್ತದೆ. ಬೆಳಗಿನಿಂದ ಇಂಜಿನ್ ಇಷ್ಟು ಬಲವಾಗಿದ್ದದ್ದಿಲ್ಲ.

ಮುಂದೆ ನೇರ ರಸ್ತೆ ಖಾಲಿ ಇದೆ. ಕಾಲು ತುಡಿಯುತ್ತದೆ. ಆದರೆ ತಿಂಗಳುಗಟ್ಟಲೆ ಕೂತ ಧೂಳು, ಎಣ್ಣೆ ಮೊದಲ ಮಳೆಗೆ ಎದ್ದು ಡಾಂಬರಿನ ಮೇಲೆ ತೇಲುತ್ತಿವೆ. ಚೂರೇ ಒತ್ತುತ್ತೀರಿ. ಮುಂದಿನ ಚಕ್ರ ಜಾರುತ್ತದೆ! ಸ್ಟೀರಿಂಗ್ ಬೆರಳಲ್ಲಿ ಹಗುರಾಗುತ್ತದೆ, ಹೊಟ್ಟೆ ತಣ್ಣಗಾಗುತ್ತದೆ. ಕಾಲೆತ್ತುತ್ತೀರಿ. ಹಿಡಿತ ಮರಳುತ್ತದೆ. ಉಳಿದ ದಾರಿಯನ್ನು ಆ ಬಲ ಮುಟ್ಟದೆಯೇ ಮುಗಿಸುತ್ತೀರಿ. ಮುಟ್ಟದಿರುವುದಕ್ಕೂ ತೊಡೆಯ ಸ್ನಾಯು ನೋಯುತ್ತದೆ.

"ರ‍್ಯಾಲಿಯಲ್ಲೂ ಹೀಗೇ" ಅನ್ನುತ್ತಾರೆ ಮೆಕ್ಯಾನಿಕ್, ಮೊದಲ ಬಾರಿ ಉದ್ದಕ್ಕೆ ಮಾತಾಡುತ್ತ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್ಪಿನ ಭಾರತದ ಸುತ್ತು ನಡೆಯುತ್ತಿದ್ದದ್ದು ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ. ಚಾಲಕ ಗೌರವ್ ಗಿಲ್ 2016, 2017ರಲ್ಲಿ ಅದರ ಚಾಂಪಿಯನ್ ಆದ ಸ್ಕೋಡಾ ಫ್ಯಾಬಿಯಾ ಆರ್5ರದ್ದು 1.6 ಲೀಟರಿನ ಟರ್ಬೊ ಇಂಜಿನ್. ಅದು ಉಸಿರಾಡುವ ಗಾಳಿಯೆಲ್ಲ ನಿಯಮದ ಪ್ರಕಾರ 32 ಮಿಲಿಮೀಟರಿನ ಕಿಂಡಿಯೊಂದರಿಂದಲೇ ಹೋಗಬೇಕು. ಹೆಚ್ಚು ಗಾಳಿ ಎಳೆಯುವ ಹಾದಿ ಮುಚ್ಚಿರುವಾಗ ಸಿಕ್ಕ ಗಾಳಿಯನ್ನು ತಂಪಾಗಿಡುವುದೇ ದಾರಿ. "ಕಾರು ಸರ್ವಿಸಿಗೆ ಬಂದ ಕೂಡ್ಲೆ ನಾವು ಟಯರ್ ನೋಡುವ ಮೊದಲು ಮುಂದೆ ಕೂತು ಕೂಲರಿನ ಕೆಸರು, ಎಲೆ ತೆಗೀತಿದ್ದೆವು."

ಕಳಸದಲ್ಲಿ ಮಳೆ ನಿಂತಿದೆ. ಕಾರು ನಿಲ್ಲಿಸಿದ ಕೂಡಲೇ ಅವರು ಬಂಪರಿನ ಎದುರು ಕುಕ್ಕರುಗಾಲಲ್ಲಿ ಕೂತು ಜಾಲರಿಯೊಳಗೆ ಟಾರ್ಚು ಬಿಡುತ್ತಾರೆ. ದೊಡ್ಡ ಇಂಟರ್‌ಕೂಲರ್ ಹಾಕಿಸೋಣವೇ ಎಂದು ಕೇಳುತ್ತೀರಿ; ದುಡ್ಡು ಕೂಡಿಟ್ಟು ಆಗಿದೆ.

"ದೊಡ್ಡದು ಹಾಕಿದ್ರೆ ಹಿಂದಿನ ರೇಡಿಯೇಟರಿಗೆ ಗಾಳಿ ಎಲ್ಲಿಂದ ಬರ್ಬೇಕು? ಅಷ್ಟು ದೊಡ್ಡ ಹೊಟ್ಟೆ ತುಂಬಿಸ್ಲಿಕ್ಕೆ ಟರ್ಬೊಗೆ ಹೊತ್ತೂ ಹಿಡೀತದೆ. ಇಲ್ಲಿ ನೋಡಿ."

ನೀವೂ ಕೂರುತ್ತೀರಿ. ಬಿಸಿ ಲೋಹದ, ಒದ್ದೆ ಧೂಳಿನ ವಾಸನೆ ಮುಖಕ್ಕೆ ಹೊಡೆಯುತ್ತದೆ. ಇಂಟರ್‌ಕೂಲರಿನ ಎರಡೂ ಪಕ್ಕಗಳಲ್ಲಿ, ಬಂಪರಿಗೂ ಅದಕ್ಕೂ ನಡುವೆ ಸಂದು ಇದೆ. ಅವರು ಅದರೊಳಗೆ ಎರಡು ಬೆರಳು ತೂರಿಸಿ ತೋರಿಸುತ್ತಾರೆ. ರೆಕ್ಕೆಗಳ ನಡುವೆ ನುಗ್ಗುವ ಕಷ್ಟ ಯಾಕೆಂದು ಗಾಳಿ ಈ ಸಂದಿನಿಂದ ನುಣುಚಿಕೊಂಡು ಹೋಗುತ್ತಿದೆ.

ಈ ಸಂದು ಮುಚ್ಚಬೇಕು. ಲಾರಿಯ ಹಿಂದೆ ಸಿಕ್ಕಿಕೊಂಡಾಗ ಅದರಿಂದ ಏನೂ ಪ್ರಯೋಜನವಿಲ್ಲ, ಆಗ ತಾಳ್ಮೆಯೇ ಬೇಕು. ಆದರೆ ದಾರಿ ಬಿಡಿಸಿಕೊಂಡ ಮೇಲೆ ಬೇಗ ಆರುತ್ತದೆ ಎಂದು ವಿವರಿಸುತ್ತಾರೆ. ರಬ್ಬರ್ ಶೀಟು ಸಾಕು, ಅಂಚಿಗೆ ತಗಡಿನ ಪಟ್ಟಿ.

"ಸೋಮವಾರ ಬೆಳಗ್ಗೆ ಗಾಡಿ ತನ್ನಿ, ತಣ್ಣಗಿರುವಾಗ್ಲೇ ತನ್ನಿ" ಎನ್ನುತ್ತ ಅವರು ಜೇಬಿನಿಂದ ಟೇಪು ತೆಗೆದು ಸಂದಿನ ಅಳತೆ ಹಿಡಿಯುತ್ತಾರೆ. ನೀವು ಟಾರ್ಚು ಹಿಡಿದು ಅಂಕಿಗಳನ್ನು ಬರೆದುಕೊಳ್ಳುತ್ತೀರಿ.